ಕಬ್ಬಿನ ಹಂಗಾಮಿನ ದಾರಿ ಮತ್ತು ಹಳೆಯ ಕಾರಿನ ಡೈನಮೋ

ದೂಧಗಂಗೆ ವೇದಗಂಗೆಗಳು ಕೂಡುವ ಭೋಜದ ಸೀಮೆಯಲ್ಲಿ, ದೀಪಾವಳಿ ಕಳೆದು ಕಬ್ಬಿನ ಹಂಗಾಮು ಮೊದಲಾದ ಮೇಲೆ, ಕತ್ತಲಾಗುವ ಹೊತ್ತಿಗೆ ನಿಪ್ಪಾಣಿಯ ದಾರಿ ಹಿಡಿದ ಹಳೆಯ ಅಂಬಾಸಿಡರ್ ಕಾರಿನವನಿಗೆ ಒಂದು ಅನುಭವ ತಪ್ಪದೆ ಒದಗುತ್ತದೆ. ಮುಂದೆ ಜೋಡಿ ಟ್ರೇಲರುಗಳ ತುಂಬ ಕಬ್ಬು ಹೇರಿಕೊಂಡ ಟ್ರ್ಯಾಕ್ಟರು ಆಮೆಯ ನಡಿಗೆಯಲ್ಲಿ ಸಾಗುತ್ತಿರುತ್ತದೆ. ಎದುರಿನಿಂದ ಕಾರ್ಖಾನೆಗೆ ಮಾಲು ಹಾಕಿ ಮರಳುವ ಬರಿಯ ಟ್ರ್ಯಾಕ್ಟರುಗಳ ಸಾಲು. ದಾಟಿ ಹೋಗಲು ಇಂಬಿಲ್ಲದೆ ನಿಂತು, ನಾಲ್ಕು ಮಾರು ಸರಿದು, ಮತ್ತೆ ನಿಲ್ಲುವಷ್ಟರಲ್ಲಿ ಹೆಡ್‌ಲೈಟಿನ ಬಿಳಿಯ ಬೆಳಕು ಹಳದಿಗೆ ಇಳಿದಿರುತ್ತದೆ, ಡ್ಯಾಶ್‌ಬೋರ್ಡಿನ ಮೇಲಿನ ಕೆಂಪು ದೀಪವೊಂದು ಮಿನುಗತೊಡಗುತ್ತದೆ. ಎಕ್ಸಲರೇಟರನ್ನು ತುಸು ಅದುಮಿದರೆ ಕೆಂಪು ದೀಪ ಆರುತ್ತದೆ, ಬೆಳಕು ಬಿಳುಪೇರುತ್ತದೆ. ಕಾಲು ತೆಗೆದರೆ ಪುನಃ ಅದೇ ಪಾಡು.

ನಮ್ಮ ಮನೆಯ ಮಾರ್ಕ್ ಟೂ ಅಂಬಾಸಿಡರಿಗೆ ಹೀಗಾಗಲಾಗಿ, ಡೈನಮೋ ಕೆಟ್ಟಿತೆಂದು ತಿಳಿದು ಅದನ್ನು ಬಿಚ್ಚಿಸಿದೆನು. ಮಿಸ್ತ್ರಿಯು ಕಾರ್ಬನ್ ಬ್ರಶ್ಶುಗಳನ್ನು ಹೊರಗೆಳೆದು ಬೆರಳಿನಿಂದ ಅಳೆದನು. ಕಮ್ಯುಟೇಟರಿನ ತಾಮ್ರದ ಪಟ್ಟಿಗಳ ಮೇಲೆ ಕುಳಿತಿದ್ದ ಕಪ್ಪು ಧೂಳನ್ನು ನಯವಾದ ಮರಳುಕಾಗದದಿಂದ ಒರೆಸಿದನು. ತೆಳುವಾಗಿ ಮಸೆದಿಟ್ಟ ಹ್ಯಾಕ್ಸಾ ಬ್ಲೇಡಿನ ತುಣುಕೊಂದರಿಂದ ಪಟ್ಟಿಗಳ ನಡುವಣ ಅಭ್ರಕವನ್ನು ಕೂದಲೆಳೆಯಷ್ಟು ಕೆರೆದು ತಗ್ಗಿಸಿದನು. ಎಲ್ಲವನ್ನೂ ಜೋಡಿಸಿದ ಮೇಲೆ, "ಡೈನಮೋಕ್ಕ ಏನೂ ಆಗಿಲ್ಲರೀ, ಅದಕ್ಕ ಓಟ ಸಿಗವಲ್ದು" ಎಂದನು. ಈ ಒಂದು ಮಾತಿನಲ್ಲಿ ವಿಷಯದ ಮರ್ಮವೆಲ್ಲ ಅಡಗಿದೆ.

ಕಾಂತಕ್ಷೇತ್ರದಲ್ಲಿ ತಂತಿಯ ಸುರುಳಿಯನ್ನು ಚಲಿಸಿದರೆ ಅದರಲ್ಲಿ ವಿದ್ಯುತ್ಪ್ರವಾಹವು ಹುಟ್ಟುವುದೆಂದು ಮೈಕೆಲ್ ಫ್ಯಾರಡೆಯು 1831ರಲ್ಲಿ ತೋರಿಸಿಕೊಟ್ಟನು. ಸುರುಳಿಯು ತಿರುಗುತ್ತಿದ್ದರೆ ಆ ಪ್ರವಾಹವು ಅರ್ಧ ಸುತ್ತಿಗೊಮ್ಮೆ ದಿಕ್ಕನ್ನು ಬದಲಿಸುತ್ತದೆ. ಎಂದರೆ ಡೈನಮೋವಿನ ಒಡಲಲ್ಲಿ ಹುಟ್ಟುವುದೂ ಪರ್ಯಾಯ ಪ್ರವಾಹವೇ. ಬ್ಯಾಟರಿಗಾದರೋ ಏಕಮುಖ ಪ್ರವಾಹವು ಬೇಕು. ಆದಕಾರಣ ದಿಕ್ಕು ಬದಲಾದಾಗಲೆಲ್ಲ ಸಂಪರ್ಕವನ್ನೂ ಬದಲಿಸಿ ಅದನ್ನು ಒಂದೇ ಮುಖಕ್ಕೆ ತಿರುಗಿಸುವ ಕೆಲಸವನ್ನು ಕಮ್ಯುಟೇಟರ್ ಮಾಡುತ್ತದೆ. ಬ್ಯಾಟರಿಗೆ ಹೋಗತಕ್ಕ ಪ್ರವಾಹವೆಲ್ಲವೂ ತಿರುಗುವ ಆರ್ಮೇಚರಿನಲ್ಲಿಯೇ ಹುಟ್ಟಿ, ಈ ಪಟ್ಟಿಗಳಿಂದ ಬ್ರಶ್ಶುಗಳಿಗೆ ಉಜ್ಜಿಕೊಂಡು ಹೊರಬರಬೇಕು. ಭಾರವಾದ ತಾಮ್ರದ ಸುತ್ತುಗಳನ್ನು ಹೊತ್ತ ಆರ್ಮೇಚರನ್ನು ಅತಿವೇಗದಲ್ಲಿ ತಿರುಗಿಸಿದರೆ ಸುತ್ತುಗಳೂ ಪಟ್ಟಿಗಳೂ ಕೇಂದ್ರಾಪಗಾಮಿ ಬಲಕ್ಕೆ ಸಿಡಿದುಹೋದಾವು. ಹೆದ್ದಾರಿಯ ವೇಗದಲ್ಲಿ ಈ ಅಪಾಯ ಬಾರದಂತೆ ಅದರ ರಾಟೆಯನ್ನು ದೊಡ್ಡದಾಗಿ ಇಡುತ್ತಾರೆ. ಅದರಿಂದಲೇ ಎಂಜಿನ್ ಮೆಲ್ಲನೆ ಗುರುಗುಡುವಾಗ ಡೈನಮೋ ತೀರ ನಿಧಾನವಾಗಿ ತಿರುಗಿ ಏನನ್ನೂ ಕೊಡದೆ ಹೋಗುತ್ತದೆ. ಆಗ ಬ್ಯಾಟರಿಯ ವಿದ್ಯುತ್ತು ಹಿಮ್ಮುಖವಾಗಿ ಹರಿದು ಡೈನಮೋವನ್ನು ಸುಡದಂತೆ ನಮ್ಮ ಮಿಸ್ತ್ರಿಗಳು 'ಕಟೌಟ್' ಎನ್ನುವ ಸಾಧನವು ಸಂಪರ್ಕವನ್ನು ಕಡಿಯುತ್ತದೆ.

ಡೈನಮೋವಿನ ತರುವಾಯ ಕಾರುಗಳಿಗೆ ಬಂದ ಆಲ್ಟರ್ನೇಟರಿನಲ್ಲಿ ಈ ವ್ಯವಸ್ಥೆಯು ತಲೆಕೆಳಗು. ಅಲ್ಲಿ ತಿರುಗುವುದು ಕಾಂತ. ಪ್ರವಾಹವು ಹುಟ್ಟುವುದು ಅದರ ಸುತ್ತ ಸ್ಥಿರವಾಗಿ ಕುಳಿತ ಸುರುಳಿಗಳಲ್ಲಿ. ಕಾಂತವನ್ನು ಚೇತನಗೊಳಿಸಲು ಬೇಕಾದ ಮೂರು ನಾಲ್ಕು ಆಂಪಿಯರುಗಳಷ್ಟೇ ನುಣುಪಾದ ಉಂಗುರಗಳ ಮೂಲಕ ಬ್ರಶ್ಶುಗಳನ್ನು ದಾಟುವುದರಿಂದ ಅವು ಬಹುಕಾಲ ಸವೆಯುವುದಿಲ್ಲ. ತಿರುಗುವ ಭಾಗವು ಗಟ್ಟಿಮುಟ್ಟಾಗಿದ್ದು ನಿಮಿಷಕ್ಕೆ 12,000 ಸುತ್ತುಗಳನ್ನೂ ತಡೆದುಕೊಳ್ಳುವುದರಿಂದ ರಾಟೆಯನ್ನು ಚಿಕ್ಕದಾಗಿಸಬಹುದು. ಹೀಗಾಗಿ ಕಾರು ನಿಂತಲ್ಲಿಯೇ ನಿಂತಿದ್ದರೂ ಅದು ಚುರುಕಾಗಿ ತಿರುಗಿ ಬ್ಯಾಟರಿಗೆ ಆಹಾರವನ್ನೀಯುತ್ತದೆ. ಮೂರು ಫೇಸಿನ ಪರ್ಯಾಯ ಪ್ರವಾಹವನ್ನು ಆರು ಸಿಲಿಕಾನ್ ಡಯೋಡುಗಳು ಏಕಮುಖಗೊಳಿಸುತ್ತವೆ; ಡಯೋಡು ಪ್ರವಾಹವನ್ನು ಹಿಂದಕ್ಕೆ ಬಿಡದಾದ್ದರಿಂದ ಕಟೌಟ್ ಬೇಕಿಲ್ಲ. ಮೂರು ಫೇಸಿನ ವಿದ್ಯುತ್ತು ನಮ್ಮ ನಾಡಿಗೆ ಹೊಸತಾಗಿರಲಿಲ್ಲ; ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಗಣಿಗಳಿಗೆ ಅದು 1902ರಲ್ಲಿಯೇ ಹರಿದಿತ್ತು. ಆದರೆ ಕಾರಿನ ಬಾನೆಟ್ಟಿನ ಕೆಳಗೆ ಅಡಗುವಷ್ಟು ಪುಟ್ಟದಾದ ಅಗ್ಗದ ಡಯೋಡು ಒದಗುವ ತನಕ ಕಾರು ಕಾಯಬೇಕಾಯಿತು. ಅಮೆರಿಕದ ಕ್ರೈಸ್ಲರ್ ಕಂಪನಿಯು ತನ್ನ ವೇಲಿಯಂಟ್ ಕಾರಿಗೆ ಆಲ್ಟರ್ನೇಟರನ್ನು ಕೊಟ್ಟದ್ದು 1960ರ ಮಾದರಿಯಲ್ಲಿ.

ಇನ್ನು ಲೆಕ್ಕ. ಆ ಕಾಲದ ಬ್ರಿಟಿಷ್ ವಿನ್ಯಾಸದ ಕಾರುಗಳಲ್ಲಿ ಸಾಮಾನ್ಯವಾಗಿದ್ದ ಲೂಕಸ್ ಸಿ40 ಡೈನಮೋವಿನ ಗರಿಷ್ಠ ಪ್ರವಾಹ 22 ಆಂಪಿಯರು. ಅದರ ತರುವಾಯ ಬಂದ 16ಎಸಿಆರ್ ಆಲ್ಟರ್ನೇಟರಿನದು 34. ತಲಾ 45 ವ್ಯಾಟಿನ ಎರಡು ಹೆಡ್‌ಲೈಟುಗಳು, ಹಿಂದಿನ ದೀಪಗಳು, ಇಗ್ನಿಶನ್, ಮಂಜಿಗೆ ಆಗೀಗ ವೈಪರ್, ಇವೆಲ್ಲ ಸೇರಿ ಸುಮಾರು 13 ಆಂಪಿಯರು ಬೇಕು. ಹೆದ್ದಾರಿಯಲ್ಲಿ ಓಡುವಾಗ ಡೈನಮೋ ಇದನ್ನು ನಿರಾಯಾಸವಾಗಿ ಪೂರೈಸೀತು. ಕಬ್ಬಿನ ಸಾಲಿನ ಹಿಂದೆ ಎರಡು ತಾಸು ಅದು ಕೈಚೆಲ್ಲಿತೆಂದರೆ 26 ಆಂಪಿಯರ್-ತಾಸು ಬ್ಯಾಟರಿಯಿಂದ ಹೋಯಿತು. 52ರ ಬ್ಯಾಟರಿಯಾದರೆ ಅರ್ಧಕ್ಕರ್ಧ ಬರಿದಾದಂತೆ. ಹಗಲಿನಲ್ಲಿ, ಹಬ್ಬಕ್ಕೊಮ್ಮೆ ಜಾತ್ರೆಗೊಮ್ಮೆ ಕಾರನ್ನು ತೆಗೆಯುವವನಿಗೆ ಈ ಚಿಂತೆಯಿಲ್ಲ. ಅಂಥವನು ಡೈನಮೋವನ್ನು ತೆಗೆಸಬಾರದೆಂದೇ ನನ್ನ ಅಭಿಮತ. ತನ್ನ ಕಬ್ಬಿಣದಲ್ಲಿ ಉಳಿದ ಅವಶಿಷ್ಟ ಕಾಂತತ್ವದಿಂದ ತಾನಾಗಿಯೇ ಎಚ್ಚರಗೊಳ್ಳುವ, ಹಳ್ಳಿಯ ಗ್ಯಾರೇಜಿನಲ್ಲಿ ಕಣ್ಣೆದುರೇ ದುರಸ್ತಿಯಾಗುವ ಯಂತ್ರವದು. ಡಯೋಡು ಸುಟ್ಟರೆ ಬದಲಿಸಬೇಕಲ್ಲದೆ ತಿದ್ದಲು ಬಾರದು.

ರಾತ್ರಿಯ ಹಾದಿ ತಪ್ಪದವನು ಆಲ್ಟರ್ನೇಟರನ್ನು ಕೂರಿಸಲಿ, ಆದರೆ ಅವಸರಿಸದಿರಲಿ. ಹಳೆಯ ಕಾರುಗಳಲ್ಲಿ ಅನೇಕವು ಬ್ಯಾಟರಿಯ ಧನಧ್ರುವವನ್ನು ಬಾಡಿಗೆ ಜೋಡಿಸಿದಂಥವು. ಆಲ್ಟರ್ನೇಟರುಗಳು ಸಾಮಾನ್ಯವಾಗಿ ಋಣಧ್ರುವದ ಜೋಡಣೆಯನ್ನು ಬೇಡುತ್ತವೆ. ಇದನ್ನು ನೋಡದೆ ತಂತಿ ಕೊಟ್ಟರೆ ಡಯೋಡುಗಳು ಕ್ಷಣಮಾತ್ರದಲ್ಲಿ ಸುಡುತ್ತವೆ. 22 ಆಂಪಿಯರಿಗೆಂದು ಎಳೆದ ಮುಖ್ಯ ತಂತಿಯನ್ನು ದಪ್ಪನೆಯದಕ್ಕೆ ಬದಲಿಸಬೇಕು, ಕಟೌಟನ್ನು ಸರ್ಕ್ಯೂಟಿನಿಂದ ತೆಗೆಯಬೇಕು, ಡ್ಯಾಶ್‌ಬೋರ್ಡಿನ ಕೆಂಪು ದೀಪದ ಬಲ್ಬನ್ನು ಮಾತ್ರ ತೆಗೆಯಲಾಗದು. ಆಲ್ಟರ್ನೇಟರಿನ ಕಾಂತವು ಮೊದಲು ಎಚ್ಚರಗೊಳ್ಳುವುದು ಸಾಮಾನ್ಯವಾಗಿ ಆ ಬಲ್ಬಿನ ಮೂಲಕ ಹರಿದ ಪ್ರವಾಹದಿಂದಲೇ. ಐವತ್ತು ವರ್ಷ ಮೀರಿದ, ಮೂಲರೂಪದಲ್ಲಿರುವ ವಾಹನಗಳನ್ನು 'ವಿಂಟೇಜ್' ಎಂದು ನೋಂದಾಯಿಸುವ ಕೇಂದ್ರದ ನಿಯಮವು 2021ರಲ್ಲಿ ಬಂದಿರುವುದರಿಂದ, ಎಂಜಿನ್ನಿಗೆ ಹೊಸ ತೂತೊಂದನ್ನೂ ಕೊರೆಯದೆ ಇದ್ದ ಬೋಲ್ಟುಗಳಿಗೇ ಹೊಂದುವ ಬ್ರಾಕೆಟ್ಟನ್ನು ಮಾಡಿಸುವುದು ಲೇಸು.

ನಾವು ಆಲ್ಟರ್ನೇಟರನ್ನೇ ಕೂರಿಸಿದೆವು. ಬಿಚ್ಚಿದ ಡೈನಮೋವಿನ ಹಿಂದುಗಡೆಯ ಎಣ್ಣೆತೂತಿಗೆ ಮೂರು ಹನಿ ಎಣ್ಣೆ ಬಿಟ್ಟು, ಕಟೌಟಿನೊಡನೆ ಗ್ರೀಸ್ ಸವರಿದ ಬಟ್ಟೆಯಲ್ಲಿ ಸುತ್ತಿ, ಬಿಚ್ಚಿದ ಬೋಲ್ಟುಗಳನ್ನೆಲ್ಲ ಚೀಲದಲ್ಲಿ ಕಟ್ಟಿ ಡಿಕ್ಕಿಯಲ್ಲಿ ಇರಿಸಿದ್ದೇನೆ. ಮುಂದೆ ಈ ಕಾರು ಯಾರ ಕೈಗೆ ಹೋಗುವುದೋ, ಅವರಿಗೆ ಒಂದು ಮಧ್ಯಾಹ್ನದ ಬಿಡುವಿದ್ದರೆ ಅದನ್ನು ಮರಳಿ ಅದರ ಸ್ಥಾನದಲ್ಲಿ ಕೂರಿಸಬಹುದು.