ಹತ್ತು ಹೆಸರು ಹೇಳು: ವಿಜ್ಞಾನ ಕಥೆಗಳಲ್ಲಿ ಬಯಲಾಗುವ ಗುರುತು

ಅಪಾಯದ ಕೆಲಸಕ್ಕೆ ಹೊರಟ ಒಂದು ತಂಡ. ವಾಪಸು ಬರುವ ದಾರಿ ಸದ್ಯಕ್ಕೆ ಮುಚ್ಚಿದೆ, ಹೊರಗಿನಿಂದ ನೆರವು ಬರುವಂತಿಲ್ಲ. ಅಂಥ ಹೊತ್ತಿನಲ್ಲಿ ಜೊತೆಗಿದ್ದ ಒಬ್ಬ ತಾನು ಹೇಳಿಕೊಂಡ ಮನುಷ್ಯನಲ್ಲ ಎಂಬುದು ಬಯಲಾಗುತ್ತದೆ. ಆತ ಯಂತ್ರವಾಗಿರಬಹುದು, ಅನ್ಯಗ್ರಹದ ಜೀವಿಯಾಗಿರಬಹುದು, ಬೇರೆ ಯಾರದೋ ಗುಟ್ಟಿನ ಆಜ್ಞೆ ಹೊತ್ತು ಬಂದವನಾಗಿರಬಹುದು. ವಿಜ್ಞಾನ ಕಥೆಗಾರರು ಸುಮಾರು ನೂರು ವರ್ಷಗಳಿಂದ ಈ ಸನ್ನಿವೇಶವನ್ನು ಬಳಸುತ್ತಲೇ ಇದ್ದಾರೆ; ಅದು ಇನ್ನೂ ಸವೆದಿಲ್ಲ. 2018ರಲ್ಲಿ ಬಂದ ‘ಅಮಾಂಗ್ ಅಸ್’ ಎಂಬ ಆಟ 2020ರ ಲಾಕ್‌ಡೌನ್ ದಿನಗಳಲ್ಲಿ ಮಕ್ಕಳನ್ನು ಮೊಬೈಲಿನ ಮುಂದೆ ಹಿಡಿದು ಕೂರಿಸಿದ್ದೂ ಇದರಿಂದಲೇ. ಬಾಹ್ಯಾಕಾಶ ನೌಕೆಯೊಂದರ ರಿಪೇರಿಯಲ್ಲಿ ತೊಡಗಿದವರ ನಡುವೆ ಒಬ್ಬ ವೇಷಧಾರಿ ಕೊಲೆಗಾರ ಇರುತ್ತಾನೆ. ಉಳಿದವರು ಸಭೆ ಸೇರಿ, ಜಗಳವಾಡಿ, ಮತ ಹಾಕಿ ಅವನನ್ನು ಹೊರಗೆಸೆಯಬೇಕು. ಎಷ್ಟೋ ಸಲ ಹೊರಬೀಳುವವನು ನಿರಪರಾಧಿ.

ಕನ್ನಡದ ಓದುಗರಿಗೆ ಇದು ತೀರ ಹೊಸದಲ್ಲ. ರಾಕೆಟ್ಟಾಗಲಿ ರೋಬೋಟಾಗಲಿ ಇಲ್ಲದ ವಿರಾಟ ಪರ್ವದಲ್ಲಿ ಈ ಬಗೆಯ ಕಥೆಯ ಪೂರ್ತಿ ನಕ್ಷೆಯೇ ಇದೆ. ಮಳೆ ಕೈಕೊಟ್ಟ ವರ್ಷ ಗುಡಿಯಲ್ಲಿ ವಿರಾಟ ಪರ್ವ ಓದಿಸುವ ರೂಢಿ ಕರ್ನಾಟಕದ ಹಲವು ಕಡೆ ಇದೆ. ಬಳ್ಳಾರಿ, ಕುರುಗೋಡು, ಸಿರುಗುಪ್ಪದಂಥ ಬಿಸಿಲ ಸೀಮೆಯವರಿಗೆ ಬೃಹನ್ನಳೆ ಯಾರು, ವಲಲ ಯಾರು ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಅಜ್ಞಾತವಾಸದ ಕರಾರು ಕಟುವಾದುದು. ಹನ್ನೆರಡು ವರ್ಷ ವನವಾಸ ಮುಗಿಸಿದ ಪಾಂಡವರು ಹದಿಮೂರನೆಯ ವರ್ಷ ಯಾರ ಕಣ್ಣಿಗೂ ಗುರುತಾಗದೆ ಕಳೆಯಬೇಕು. ಗುರುತಾದರೆ ಮತ್ತೆ ಹನ್ನೆರಡು ವರ್ಷ ಕಾಡು. ಮತ್ಸ್ಯ ದೇಶದ ಅರಮನೆಯಲ್ಲಿ ಧರ್ಮರಾಯ ಕಂಕನಾದ, ಭೀಮ ಅಡುಗೆಯವ ವಲಲನಾದ, ಅರ್ಜುನ ನಾಟ್ಯ ಕಲಿಸುವ ಬೃಹನ್ನಳೆಯಾದ, ದ್ರೌಪದಿ ಸೈರಂಧ್ರಿಯಾದಳು. ಆಯುಧಗಳನ್ನು ಊರಾಚೆಯ ಬನ್ನಿ ಮರದಲ್ಲಿ ಬಚ್ಚಿಟ್ಟು, ಯಾರೂ ಹತ್ತಿರ ಸುಳಿಯದಿರಲೆಂದು ಜೊತೆಗೊಂದು ಹೆಣ ಕಟ್ಟಿದರು. ಇಂದಿನ ಪತ್ತೇದಾರಿ ಕಾದಂಬರಿಯವರು ಅಸೂಯೆ ಪಡಬೇಕಾದ ಉಪಾಯ ಇದು.

ಇಷ್ಟೆಲ್ಲ ಎಚ್ಚರಿಕೆ ತೆಗೆದುಕೊಂಡರೂ ಗುಟ್ಟು ಸೋರಿತು. ಅದು ಗೂಢಚಾರರಿಂದ ಸೋರಿದ್ದಲ್ಲ. ಅವರು ಬರಿಗೈಲಿ ಹಸ್ತಿನಾಪುರಕ್ಕೆ ಮರಳಿದ್ದರು. ಮತ್ಸ್ಯದ ಸೇನಾಪತಿ ಕೀಚಕ ಸತ್ತ ಸುದ್ದಿ ತಲುಪಿದಾಗ ಕೌರವರಿಗೆ ಅನುಮಾನ ಹುಟ್ಟಿತು. ಅಂಥ ಬಲಶಾಲಿಯನ್ನು ಬರಿಗೈಯಲ್ಲಿ ಮುದ್ದೆಮಾಡಬಲ್ಲವರು ಭೂಮಿಯ ಮೇಲೆ ಎಷ್ಟು ಜನ? ಮತ್ಸ್ಯದ ದನಗಳನ್ನು ಹೊಡೆದೊಯ್ಯುವ ಗೋಗ್ರಹಣದ ಹಂಚಿಕೆ ಹುಟ್ಟಿದ್ದು ಆ ಲೆಕ್ಕಾಚಾರದಿಂದ. ಮುಖ, ಬಟ್ಟೆ, ಹೆಸರು ಬದಲಾದರೂ ಕಸುಬಿನ ಕೈ ಬದಲಾಗುವುದಿಲ್ಲ. ಮುಂದೆ ಬರುವ ವಿಜ್ಞಾನ ಕಥೆಗಳನ್ನು ಅಳೆಯಲು ಇದೊಂದು ಒಳ್ಳೆಯ ಅಳತೆಗೋಲು. ಪತ್ತೆದಾರಿಕೆಯಿಂದ ಗುರುತು ಬಯಲಾಗುವ ಕಥೆ ಸಾಧಾರಣ. ಮಾಡಬೇಕಾದ ಕೆಲಸವೇ ಗುರುತನ್ನು ಹೊರಗೆಳೆಯುವ ಕಥೆ ನೆನಪಿನಲ್ಲಿ ಉಳಿಯುತ್ತದೆ.

ಉತ್ತರಕುಮಾರನ ಪ್ರಸಂಗದಲ್ಲಿ ಇದು ತುದಿ ಮುಟ್ಟುತ್ತದೆ. ಕೌರವ ಸೇನೆಯನ್ನು ಕಂಡು ರಥದಿಂದ ಹಾರಿ ಓಡುವ ರಾಜಕುಮಾರ, ಅವನನ್ನು ಅಟ್ಟಿಸಿಕೊಂಡು ಹಿಡಿದು ತರುವ ನಾಟ್ಯದ ಗುರು. ಬಯಲಾಟ ನೋಡುವವರು ನಗುವ ಜಾಗ ಅದು. ಬನ್ನಿ ಮರದ ಬುಡದಲ್ಲಿ ನಗು ನಿಲ್ಲುತ್ತದೆ. ತಾನು ಅರ್ಜುನ ಎಂದು ಬೃಹನ್ನಳೆ ಹೇಳಿದರೆ ಉತ್ತರ ನಂಬುವುದಿಲ್ಲ. ಅರ್ಜುನನಿಗೆ ಹತ್ತು ಹೆಸರುಗಳಿವೆಯಲ್ಲ, ಅವನ್ನು ಹೇಳು ಎಂದು ಕೇಳುತ್ತಾನೆ. ಫಲ್ಗುಣ, ಜಿಷ್ಣು, ಕಿರೀಟಿ, ಶ್ವೇತವಾಹನ, ಬೀಭತ್ಸು, ವಿಜಯ, ಕೃಷ್ಣ, ಸವ್ಯಸಾಚಿ, ಧನಂಜಯ. ಅರ್ಜುನ ಸೇರಿ ಹತ್ತು. ಒಂದೊಂದು ಹೆಸರು ಏಕೆ ಬಂತು ಎಂಬುದನ್ನೂ ಆತ ವಿವರಿಸುತ್ತಾನೆ. ಇಂದಿನ ಮಾತಿನಲ್ಲಿ ಹೇಳುವುದಾದರೆ ಮೊದಲು ಪಾಸ್‌ವರ್ಡ್, ಮೇಲೊಂದು ಸೆಕ್ಯುರಿಟಿ ಪ್ರಶ್ನೆ. ಅತ್ತ ರಣಭೂಮಿಯಲ್ಲಿ ದ್ರೋಣರಿಗೆ ಹೆಸರುಗಳ ಪಟ್ಟಿ ಬೇಕಾಗಲಿಲ್ಲ, ಶಂಖದ ದನಿಯೇ ಸಾಕಾಯಿತು. ಗಡುವು ಮುಗಿಯುವ ಮೊದಲೇ ಸಿಕ್ಕಿಬಿದ್ದರು ಎಂದು ದುರ್ಯೋಧನ ಹಿಗ್ಗಿದಾಗ ಭೀಷ್ಮರು ಅಧಿಕ ಮಾಸಗಳ ಲೆಕ್ಕ ಹಾಕುತ್ತಾರೆ: ಐದು ವರ್ಷಕ್ಕೆ ಎರಡು ತಿಂಗಳಂತೆ ಹದಿಮೂರು ವರ್ಷಕ್ಕೆ ಐದು ತಿಂಗಳು ಹನ್ನೆರಡು ದಿನ ಹೆಚ್ಚೇ ಆಗಿದೆ, ಕರಾರು ಮುಗಿದಿದೆ. ಖಗೋಳ ಲೆಕ್ಕದಿಂದ ಬಿಕ್ಕಟ್ಟು ಬಗೆಹರಿಯುವ ಈ ತಿರುವು ಯಾವ ವಿಜ್ಞಾನ ಕಥೆಗೂ ಒಪ್ಪುವಂಥದ್ದು.

ಹಳೆಯ ಕಥೆಗಳಲ್ಲಿ ವೇಷದ ಹಿಂದಿನ ಪ್ರಶ್ನೆ ‘ಇವನು ಯಾರು’ ಎಂಬುದಾಗಿತ್ತು. ವಿಜ್ಞಾನ ಕಥೆ ಬಂದ ಮೇಲೆ ಅದು ‘ಇದು ಏನು’ ಎಂದಾಯಿತು. ಈ ಬದಲಾವಣೆಗೆ ಒಂದು ತಾರೀಖು ಹಾಕಬಹುದಾದರೆ ಅದು 1920. ಜೆಕ್ ಲೇಖಕ ಕಾರೆಲ್ ಚಾಪೆಕ್ ಆ ವರ್ಷ ಪ್ರಕಟಿಸಿದ ‘ಆರ್.ಯು.ಆರ್.’ ನಾಟಕದಿಂದಲೇ ರೋಬೋಟ್ ಎಂಬ ಪದ ಜಗತ್ತಿಗೆ ಸಿಕ್ಕಿದ್ದು. ಜೆಕ್ ಭಾಷೆಯಲ್ಲಿ ‘ರೋಬೋಟ’ ಎಂದರೆ ಬಿಟ್ಟಿ ಚಾಕರಿ. ಕಾರ್ಖಾನೆ ನೋಡಲು ಬಂದ ಹೆಲೆನಾ ಎಂಬ ತರುಣಿ ಅಲ್ಲಿನ ಯಂತ್ರಯುವತಿಯನ್ನು ಮನುಷ್ಯಳೆಂದೇ ಹಟಹಿಡಿಯುತ್ತಾಳೆ. ಆಮೇಲೆ ಕಂಪನಿಯ ನಿರ್ದೇಶಕರನ್ನು ಕಂಡಾಗ ಅವರನ್ನೇ ರೋಬೋಟುಗಳೆಂದು ತಿಳಿಯುತ್ತಾಳೆ. ಸಾಹೇಬರ ಬಗ್ಗೆ ಆಕೆಯ ತಪ್ಪು ತಿಳಿವಳಿಕೆ ಆಫೀಸುಗಳಲ್ಲಿ ದುಡಿದವರಿಗೆ ಅಷ್ಟೇನೂ ತಪ್ಪೆನಿಸಲಾರದು.

1938ರಲ್ಲಿ ಜಾನ್ ಡಬ್ಲ್ಯು. ಕ್ಯಾಂಪ್‌ಬೆಲ್ ಬರೆದ ‘ಹೂ ಗೋಸ್ ದೇರ್?’ ಎಂಬ ನೀಳ್ಗತೆ ಈ ಪ್ರಶ್ನೆಯನ್ನು ಅಂಟಾರ್ಕ್ಟಿಕಾದ ಹಿಮಕ್ಕೆ ಒಯ್ದಿತು. ಸಂಶೋಧಕರ ಶಿಬಿರಕ್ಕೆ ಹಿಮದಡಿಯಿಂದ ಎದ್ದ ಜೀವಿಯೊಂದು ಬರುತ್ತದೆ. ಅದು ತಾನು ನುಂಗಿದ ಪ್ರಾಣಿಯ ರೂಪವನ್ನು ಮಾತು, ನಡೆ, ನೆನಪಿನ ಸಮೇತ ತಾಳಬಲ್ಲದು. ಇಲ್ಲಿ ಉತ್ತರಕುಮಾರನ ಪರೀಕ್ಷೆ ನಡೆಯುವುದಿಲ್ಲ. ಹತ್ತಲ್ಲ, ನೂರು ಹೆಸರು ಕೇಳಿದರೂ ಆ ಜೀವಿ ಹೇಳುತ್ತದೆ. ಕೊನೆಗೆ ಸಿಕ್ಕ ದಾರಿ ರಕ್ತದ್ದು. ಆ ಜೀವಿಯ ಒಂದೊಂದು ತುಣುಕೂ ಬೇರೆಯೇ ಜೀವ, ಪ್ರತಿಯೊಂದಕ್ಕೂ ಬದುಕುವ ಆಸೆ. ಪ್ರತಿಯೊಬ್ಬರ ರಕ್ತ ತೆಗೆದು ಕಾಯಿಸಿದ ತಂತಿ ಅದ್ದಿದರೆ ಮನುಷ್ಯರ ರಕ್ತ ಸುಮ್ಮನಿರುತ್ತದೆ, ಆ ಜೀವಿಯ ರಕ್ತ ತಪ್ಪಿಸಿಕೊಳ್ಳಲು ನೋಡುತ್ತದೆ. ಜಾನ್ ಕಾರ್ಪೆಂಟರ್ 1982ರಲ್ಲಿ ಇದನ್ನು ‘ದಿ ಥಿಂಗ್’ ಸಿನಿಮಾ ಮಾಡಿದಾಗ ಆ ರಕ್ತಪರೀಕ್ಷೆಯ ದೃಶ್ಯವೇ ಅದರ ತಿರುಳಾಯಿತು. ಕ್ಯಾಂಪ್‌ಬೆಲ್ ಈ ಕಥೆಯನ್ನು ಪ್ರಕಟಿಸಿದ್ದೂ ಡಾನ್ ಎ. ಸ್ಟುವರ್ಟ್ ಎಂಬ ಮರೆಹೆಸರಿನಲ್ಲಿ.

ರಿಡ್ಲಿ ಸ್ಕಾಟ್ ನಿರ್ದೇಶನದ ‘ಏಲಿಯನ್’ (1979) ಇದೇ ಎಳೆಗೆ ಕಂಪನಿಯ ಲಾಭವನ್ನು ಸೇರಿಸಿತು. ನಾಸ್ಟ್ರೋಮೊ ಎಂಬ ಸರಕು ನೌಕೆಯಲ್ಲಿ ಏಳು ಜನ. ನಿಯಮ ಮುರಿದು ಅಪಾಯವನ್ನು ಒಳಗೆ ಬಿಟ್ಟುಕೊಂಡವನು ವಿಜ್ಞಾನ ಅಧಿಕಾರಿ ಆ್ಯಶ್. ಅನ್ಯಜೀವಿಯನ್ನು ಹೇಗಾದರೂ ತರಬೇಕು, ಸಿಬ್ಬಂದಿ ಸತ್ತರೂ ಚಿಂತೆಯಿಲ್ಲ ಎಂಬ ಆಜ್ಞೆ ಅವನಿಗಿರುತ್ತದೆ. ಅದನ್ನು ಸಿಬ್ಬಂದಿಯಲ್ಲೊಬ್ಬಳಾದ ರಿಪ್ಲಿ ಓದಿದ ಕ್ಷಣ ಆತ ಅವಳ ಮೇಲೆ ಬೀಳುತ್ತಾನೆ. ಜೊತೆಗಾರನ ಹೊಡೆತಕ್ಕೆ ತಲೆ ಕಳಚಿ ಹಾಲಿನಂಥ ಬಿಳಿ ದ್ರವ ಹರಿಯುತ್ತದೆ. ಏಳು ವರ್ಷಗಳ ನಂತರ ಬಂದ ‘ಏಲಿಯನ್ಸ್’ನಲ್ಲಿ ಜೇಮ್ಸ್ ಕ್ಯಾಮರಾನ್ ಈ ನೆನಪನ್ನೇ ತಿರುಗಿಸಿ ಬಳಸಿದರು. ಬಿಷಪ್ ಎಂಬಾತ ಚಾಕುವಿನ ಆಟವಾಡುವಾಗ ಬೆರಳಿಗೆ ತಾಗಿ ಬಿಳಿ ಹನಿಯೊಂದು ಕಾಣಿಸುತ್ತದೆ. ರಿಪ್ಲಿ ಗಾಬರಿಯಾಗುತ್ತಾಳೆ. ಆದರೆ ಈ ಯಂತ್ರ ಕೊನೆಯವರೆಗೂ ನಂಬಿಗಸ್ತನಾಗಿ ಉಳಿಯುತ್ತದೆ.

ಪರೀಕ್ಷೆಗಳು ದೇಹದಿಂದ ಮನಸ್ಸಿಗೆ ಇಳಿದದ್ದು ಈ ಸಾಹಿತ್ಯದ ಇನ್ನೊಂದು ಮಜಲು. ಐಸಾಕ್ ಅಸಿಮೋವ್ ಅವರ ‘ಎವಿಡೆನ್ಸ್’ (1946) ಕಥೆಯಲ್ಲಿ ಚುನಾವಣೆಗೆ ನಿಂತ ಸ್ಟೀಫನ್ ಬಯರ್ಲಿ ರೋಬೋಟು ಎಂಬ ಆರೋಪ ಬರುತ್ತದೆ. ಆತ ಊಟ ಮಾಡಿದ್ದನ್ನು ಯಾರೂ ಕಂಡಿಲ್ಲ. ರೋಬೋಟು ಮನುಷ್ಯನಿಗೆ ಹೊಡೆಯುವಂತಿಲ್ಲ ಎಂಬ ನಿಯಮವಿದೆ. ಬಹಿರಂಗ ಸಭೆಯಲ್ಲಿ ತನ್ನನ್ನು ಕೆಣಕಿದವನಿಗೆ ಆತ ಒಂದು ಗುದ್ದು ಕೊಟ್ಟು ಮನುಷ್ಯನೆನಿಸಿಕೊಂಡು ಗೆಲ್ಲುತ್ತಾನೆ. ಹೊಡೆಸಿಕೊಂಡವನೇ ಮನುಷ್ಯನಾಗಿದ್ದನೇ ಎಂಬ ಅನುಮಾನದೊಂದಿಗೆ ಕಥೆ ಮುಗಿಯುತ್ತದೆ. ಫಿಲಿಪ್ ಕೆ. ಡಿಕ್ ಇನ್ನೂ ಮುಂದೆ ಹೋದರು. ಅವರ ‘ಇಂಪೋಸ್ಟರ್’ (1953) ಕಥೆಯ ಸ್ಪೆನ್ಸ್ ಓಲಮ್ ಮೇಲೆ ಬಾಂಬು ಹೊತ್ತ ಶತ್ರುಯಂತ್ರ ಎಂಬ ಆಪಾದನೆ. ತಾನು ಓಲಮ್ಮೇ ಎಂದು ಅವನಿಗೆ ಖಾತ್ರಿ, ಓದುವವರಿಗೂ ಖಾತ್ರಿ. ನಿಜವಾದ ಓಲಮ್‌ನ ಹೆಣ ಕಣ್ಣಿಗೆ ಬಿದ್ದು ಸತ್ಯ ಅವನ ಬಾಯಿಂದ ಹೊರಟ ಕ್ಷಣವೇ ಬಾಂಬು ಸಿಡಿಯುತ್ತದೆ. ವೇಷ ಹಾಕಿದವನಿಗೇ ವೇಷದ ಅರಿವಿಲ್ಲದ ಈ ಕಲ್ಪನೆ ಅವರ 1968ರ ಕಾದಂಬರಿಯನ್ನು ಆಧರಿಸಿದ ‘ಬ್ಲೇಡ್ ರನ್ನರ್’ (1982) ಚಿತ್ರದಲ್ಲೂ ಇದೆ. ಬೇರೆಯವರ ಬಾಲ್ಯದ ನೆನಪುಗಳನ್ನು ತುಂಬಿಸಿಕೊಂಡ ರೇಚಲ್ ತನ್ನನ್ನು ಮನುಷ್ಯಳೆಂದೇ ನಂಬಿದ್ದಾಳೆ. ಮನುಷ್ಯರೋ ಅಲ್ಲವೋ ಎಂದು ತಿಳಿಯುವ, ಸಾಮಾನ್ಯವಾಗಿ ಇಪ್ಪತ್ತು ಮೂವತ್ತು ಪ್ರಶ್ನೆಗೆ ಮುಗಿಯುವ ಪರೀಕ್ಷೆ ಅವಳಿಗೆ ನೂರು ದಾಟುತ್ತದೆ.

ಕನ್ನಡದಲ್ಲಿ ವಿಜ್ಞಾನ ಕಾದಂಬರಿಗೆ ನೆಲೆ ಒದಗಿಸಿದವರಲ್ಲಿ ‘ಮನ್ವಂತರ’ದ ರಾಜಶೇಖರ ಭೂಸನೂರಮಠ ಅವರ ಹೆಸರು ಮೊದಲು ಬರುತ್ತದೆ. ಸಿನಿಮಾದ ಕಡೆ ನೋಡಿದರೆ ದೊರೆ-ಭಗವಾನ್ ಜೋಡಿಯ ‘ಜೇಡರ ಬಲೆ’ (1968) ಸಿಗುತ್ತದೆ. ಲೋಹವನ್ನು ಚಿನ್ನ ಮಾಡುವ ಸೂತ್ರದ ಬೆನ್ನು ಹತ್ತುವ ಸಿ.ಐ.ಡಿ. 999 ಆಗಿ ರಾಜ್‌ಕುಮಾರ್ ನಟಿಸಿದ ಈ ಚಿತ್ರದಲ್ಲಿ ವಿಜ್ಞಾನ ನೆಪಮಾತ್ರದ್ದು, ಗೂಢಚಾರನ ಸಾಹಸವೇ ಮುಖ್ಯ. ಯಂತ್ರಮಾನವ ಕನ್ನಡದ ತೆರೆಗೆ ಗಟ್ಟಿಯಾಗಿ ಬಂದದ್ದು ದಿನೇಶ್ ಬಾಬು ನಿರ್ದೇಶನದ ‘ಹಾಲಿವುಡ್’ (2002) ಚಿತ್ರದಲ್ಲಿ. ಉಪೇಂದ್ರ ಅವರ ಮೂರು ಪಾತ್ರಗಳಲ್ಲಿ ಒಂದು ಯುಎಸ್ 47 ಎಂಬ ಯಂತ್ರ. ಮನುಷ್ಯನದೇ ಮುಖ, ಕೊನೆಗೆ ಪ್ರೀತಿಯ ಹುಚ್ಚೂ ಮನುಷ್ಯನದೇ. ರಜನಿಕಾಂತ್ ಅವರ ‘ಎಂದಿರನ್’ ಬರಲು ಆಗ ಇನ್ನೂ ಎಂಟು ವರ್ಷ ಬಾಕಿ ಇತ್ತು.

‘ಹಾಲಿವುಡ್’ನಲ್ಲಿ ಯಂತ್ರ ಯಾವುದು ಎಂಬುದು ನೋಡುಗರಿಗೆ ಗೊತ್ತು. ‘ದಿ ಥಿಂಗ್’ ನೋಡುವವರಿಗೆ ಏನೂ ಗೊತ್ತಿಲ್ಲ. ಈ ವ್ಯತ್ಯಾಸ ದೊಡ್ಡದು. ಬಯಲಾಟದ ಅಟ್ಟದ ಮುಂದೆ ಚಾಪೆ ಹಾಸಿ ಕೂತವರಿಗೆ ಬೃಹನ್ನಳೆಯೇ ಅರ್ಜುನ ಎಂಬುದು ಬಾಲ್ಯದಿಂದ ಗೊತ್ತು, ಆದರೂ ಬೆಳಗಿನ ಜಾವದವರೆಗೆ ಕಾಯುತ್ತಾರೆ. ಗುಟ್ಟು ಬಯಲಾದಾಗ ಉತ್ತರನ ಮುಖ ಹೇಗಾಗುತ್ತದೆ ಎಂಬುದು ಅವರಿಗೆ ಬೇಕು. ಪಶ್ಚಿಮದ ವಿಜ್ಞಾನ ಕಥೆ ನೋಡುಗನನ್ನೂ ಉತ್ತರನ ಜಾಗದಲ್ಲಿ ನಿಲ್ಲಿಸಿ ಬೆಚ್ಚಿಸುತ್ತದೆ. ಬೆಚ್ಚಿಸುವ ಕಥೆಯ ಬಲ ಮೊದಲ ನೋಟಕ್ಕೆ ಹೆಚ್ಚು. ಗೊತ್ತಿದ್ದೂ ಕಾಯುವ ಕಥೆ ನೂರನೆಯ ಸಲಕ್ಕೂ ನಡೆಯುತ್ತದೆ.

ಕಥೆಗಳ ಒಳಗಷ್ಟೇ ಅಲ್ಲ, ಬರೆಯುವವರ ನಡುವೆಯೂ ಇಂಥದ್ದೊಂದು ನಡೆದಿದೆ. 1960ರ ದಶಕದ ಕೊನೆಯಲ್ಲಿ ಜೇಮ್ಸ್ ಟಿಪ್ಟ್ರೀ ಜೂನಿಯರ್ ಎಂಬ ಹೆಸರಿನಲ್ಲಿ ಬಂದ ಕಥೆಗಳು ಅಮೆರಿಕದ ವಿಜ್ಞಾನ ಸಾಹಿತ್ಯವನ್ನು ಅಲುಗಿಸಿದವು. ಲೇಖಕರನ್ನು ಯಾರೂ ಕಂಡಿರಲಿಲ್ಲ, ಎಲ್ಲ ವ್ಯವಹಾರ ಅಂಚೆಯಲ್ಲಿ. ಹೆಂಗಸಿರಬಹುದೇ ಎಂಬ ಊಹೆಯನ್ನು ಹೆಸರಾಂತ ಲೇಖಕ ರಾಬರ್ಟ್ ಸಿಲ್ವರ್‌ಬರ್ಗ್ 1975ರಲ್ಲಿ ಮುನ್ನುಡಿಯೊಂದರಲ್ಲಿ ತಳ್ಳಿಹಾಕಿದರು. ಬರವಣಿಗೆ ಗಂಡಸಿನದೇ ಎಂದರು. 1976ರಲ್ಲಿ ಷಿಕಾಗೊದ ಲೇಖಕಿ ಮೇರಿ ಹೇಸ್ಟಿಂಗ್ಸ್ ಬ್ರ್ಯಾಡ್ಲಿ ತೀರಿಕೊಂಡರು. ತಾಯಿ ಹೋದರೆಂದು ಟಿಪ್ಟ್ರೀ ಪತ್ರದಲ್ಲಿ ಬರೆದಿದ್ದರು. ಓದುಗರು ನಿಧನವಾರ್ತೆ ಹುಡುಕಿ ಮಗಳ ಹೆಸರು ಪತ್ತೆ ಮಾಡಿದರು: ಆಲಿಸ್ ಶೆಲ್ಡನ್, ಒಂದು ಕಾಲಕ್ಕೆ ಸಿಐಎಯಲ್ಲಿ ಕೆಲಸ ಮಾಡಿದವರು. ಟಿಪ್ಟ್ರೀ ಎಂಬ ಹೆಸರು ಜಾಮ್ ಬಾಟಲಿಯ ಮೇಲಿನದ್ದು. ಕನ್ನಡದ ಕಾವ್ಯನಾಮಗಳ ಬಗೆಯೇ ಬೇರೆ. ಹರಪನಹಳ್ಳಿಯ ರಾಯಸಂ ಭೀಮಸೇನರಾಯರು ಬೀchi ಆದದ್ದು ಯಾರಿಂದಲೂ ಅಡಗಿಕೊಳ್ಳುವುದಕ್ಕಲ್ಲ.

ಇಂದು ಮನುಷ್ಯನೋ ಯಂತ್ರವೋ ಎಂಬ ಪರೀಕ್ಷೆ ಕಥೆಯಿಂದ ಹೊರಬಂದು ದಿನಬಳಕೆಗೆ ಸೇರಿದೆ. ಬ್ರಿಟಿಷ್ ಗಣಿತಜ್ಞ ಅಲನ್ ಟ್ಯೂರಿಂಗ್ 1950ರಲ್ಲಿ ಒಂದು ಆಟ ಸೂಚಿಸಿದ್ದರು: ಮರೆಯಲ್ಲಿ ಕೂತ ಮನುಷ್ಯ ಮತ್ತು ಯಂತ್ರ ಎರಡಕ್ಕೂ ಬರಹದಲ್ಲಿ ಪ್ರಶ್ನೆ ಕೇಳಿ, ಯಾರು ಯಾರೆಂದು ಹೇಳಬೇಕು. ಬಳ್ಳಾರಿಯ ಪಾರ್ವತಿನಗರದಲ್ಲಿ ಕೂತು ಹಂಪಿ ಎಕ್ಸ್‌ಪ್ರೆಸ್ಸಿಗೆ ಟಿಕೆಟ್ ಬುಕ್ ಮಾಡುವವರು ವಕ್ರ ಅಕ್ಷರಗಳನ್ನು ನೋಡಿ ಟೈಪ್ ಮಾಡುವಾಗ ಅದೇ ಆಟವನ್ನು ತಿರುವಿ ಆಡುತ್ತಿರುತ್ತಾರೆ. ಇಲ್ಲಿ ಪ್ರಶ್ನೆ ಕೇಳುವುದು ಯಂತ್ರ, ತಾನು ಮನುಷ್ಯ ಎಂದು ರುಜುವಾತು ಮಾಡಬೇಕಾದದ್ದು ಮನುಷ್ಯ. ಕ್ಯಾಪ್ಚಾ ಎಂಬ ಆ ಹೆಸರಿನಲ್ಲಿರುವ ‘ಟಿ’ ಅಕ್ಷರ ಟ್ಯೂರಿಂಗ್ ಅವರದೇ.

ನಿಜವಾದ ಬಾಹ್ಯಾಕಾಶ ಯಾನದಲ್ಲಿ ಇಂಥ ಗುಟ್ಟಿಗೆ ಸದ್ಯಕ್ಕೆ ಜಾಗವಿಲ್ಲ. ಗಗನಯಾನಕ್ಕೆಂದು ಇಸ್ರೋ ತಯಾರಿಸಿದ ಯಂತ್ರಯುವತಿ ವ್ಯೋಮಮಿತ್ರಳನ್ನು 2020ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಜನರ ಮುಂದೆ ತಂದಾಗ ಆಕೆ ಮೊದಲು ಮಾಡಿದ್ದು ತನ್ನ ಪರಿಚಯ ಹೇಳಿಕೊಳ್ಳುವುದು. ಹೆಂಗಸಿನ ಮುಖ, ಮಾತಾಡುವ ಬಾಯಿ, ಗುಂಡಿ ಒತ್ತಬಲ್ಲ ಕೈಗಳಿವೆ. ಕಾಲುಗಳನ್ನು ಮಾಡಿಲ್ಲ.