ಮನ್ರೋ ಎಂಬ ಸರ್‌ನೇಮ್, ನನ್ನ ಖಾಲಿ ಕಾಲಂ

ಕಳೆದ ವರ್ಷ ಒಂದು ಖಾಸಗಿ ಕಂಪನಿಯ ಕೆಲಸಕ್ಕೆ ಆನ್‌ಲೈನ್‌ನಲ್ಲಿ ಅರ್ಜಿ ತುಂಬುತ್ತಿದ್ದೆ. ಮೊದಲ ಕಾಲಂ ‘ಫಸ್ಟ್ ನೇಮ್’, ಸುಲಭ. ಎರಡನೆಯದು ‘ಲಾಸ್ಟ್ ನೇಮ್’, ಪಕ್ಕದಲ್ಲಿ ಕೆಂಪು ನಕ್ಷತ್ರ. ನಮ್ಮ ಮನೆಯಲ್ಲಿ ಯಾರಿಗೂ ಲಾಸ್ಟ್ ನೇಮ್ ಇಲ್ಲ. ಊರಿನದೊಂದು, ಅಪ್ಪನದೊಂದು ಇನಿಷಿಯಲ್ ಅಷ್ಟೇ. ಒಂದಕ್ಷರ ಹಾಕಿದರೆ ‘ಕನಿಷ್ಠ ಎರಡು ಅಕ್ಷರ ಬೇಕು’ ಎಂದಿತು. ಕೊನೆಗೆ ನನ್ನ ಹೆಸರನ್ನೇ ಎರಡು ಸಲ ಬರೆದು ಕಳುಹಿಸಿದೆ.

ಸಂದರ್ಶನದ ದಿನ ಎದುರಿಗಿದ್ದವರು ಅದನ್ನು ನೋಡಿ ನಕ್ಕರು. ‘ಪೂರ್ತಿ ಹೆಸರೇನು?’ ಎಂದರು. ‘ಇಷ್ಟೇ ಸರ್’ ಎಂದೆ. ‘ಅಲ್ಲ, ಮನೆತನದ ಹೆಸರು? ನಿಮ್ಮ ತಂದೆಯ ಹೆಸರಿನ ಮುಂದೆ ಏನಿದೆ?’ ಎಂದು ಮತ್ತೆ ಕೇಳಿದರು. ಅವರು ತಿಳಿಯಬೇಕೆಂದಿದ್ದು ಹೆಸರನ್ನಲ್ಲ ಎಂಬುದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಆ ಕೆಲಸ ಸಿಗಲಿಲ್ಲ. ಕಾರಣ ಅದೇ ಎಂದು ಹೇಳಲಾರೆ, ನನ್ನ ಉತ್ತರಗಳೂ ಅಷ್ಟಕ್ಕಷ್ಟೇ ಇದ್ದವು. ಆದರೆ ಬಸ್ಸಿನಲ್ಲಿ ಬರುವಾಗ ಆ ಪ್ರಶ್ನೆಯೇ ತಲೆ ಕೊರೆಯುತ್ತಿತ್ತು. ಹೆಸರಿನ ಹಿಂದಿನ ಹೆಸರಿನಿಂದ ಒಬ್ಬ ಮನುಷ್ಯನ ಬಗ್ಗೆ ಏನು ತಿಳಿಯುತ್ತದೆ?

ಆ ದಿನಗಳಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೂ ಓದುತ್ತಿದ್ದೆ. ಆ ವಾರದ ಪಾಠ ರೈತವಾರಿ ಪದ್ಧತಿ, ಥಾಮಸ್ ಮನ್ರೋ. ಹತ್ತು ಪುಟ ಹಿಂದೆ ಬಕ್ಸಾರ್ ಕದನದ ಹೆಕ್ಟರ್ ಮನ್ರೋ. ಅಮೆರಿಕದ ಇತಿಹಾಸದಲ್ಲಿ ‘ಮನ್ರೋ ಸಿದ್ಧಾಂತ’ದ ಜೇಮ್ಸ್ ಮನ್ರೋ. ಸಾಮಾನ್ಯ ಜ್ಞಾನದ ಪುಸ್ತಕದ ನೊಬೆಲ್ ಪಟ್ಟಿಯಲ್ಲಿ ಆಲಿಸ್ ಮನ್ರೋ. ಇಂಗ್ಲಿಷಿನಲ್ಲಿ ಕೆಲವರ ಕಾಗುಣಿತ ಬೇರೆ, ಕನ್ನಡದಲ್ಲಿ ಮಾತ್ರ ಎಲ್ಲರೂ ಮನ್ರೋಗಳೇ. ಇವರೆಲ್ಲ ಒಂದೇ ಮನೆಯವರಾ? ಓದುವುದನ್ನು ಬಿಟ್ಟು ಹುಡುಕಲು ಕುಳಿತೆ.

ಹಿಮದ ಉಂಡೆಯ ಕಂದಾಯ

ಸ್ಕಾಟ್ಲೆಂಡ್‌ನ ಉತ್ತರ ಭಾಗದಲ್ಲಿ, ಕ್ರೊಮಾರ್ಟಿ ಎಂಬ ಕಿರುಕೊಲ್ಲಿಯ ದಡದಲ್ಲಿ ಫೌಲಿಸ್ ಎಂಬ ಕೋಟೆಮನೆ ಇದೆ. ಮನ್ರೋ ಕುಲದ ಮೂಲಸ್ಥಾನ ಅದು. ಐರ್ಲೆಂಡಿನ ರೋ ನದಿಯ ಕಡೆಯಿಂದ ಬಂದವರಾದ್ದರಿಂದ ಈ ಹೆಸರು ಎಂಬುದು ಅಲ್ಲಿನ ನಂಬಿಕೆ. ರಾಜ ಕೇಳಿದಾಗ ನಡುಬೇಸಿಗೆಯಲ್ಲೂ ಪಕ್ಕದ ಬೆಟ್ಟದಿಂದ ಒಂದು ಹಿಮದ ಉಂಡೆ ತಂದೊಪ್ಪಿಸಬೇಕು, ಅದೇ ಅವರ ಜಮೀನಿನ ಕಂದಾಯ ಎಂಬ ಐತಿಹ್ಯವೂ ಇದೆ. 

ನನಗೆ ಹೊಸದೆನಿಸಿದ್ದು ಇನ್ನೊಂದು ವಿಷಯ. ಸ್ಕಾಟ್ಲೆಂಡ್‌ನ ಬೆಟ್ಟಸೀಮೆಯ ಕುಲಗಳಲ್ಲಿ ಒಂದೇ ಹೆಸರಿದ್ದವರೆಲ್ಲ ರಕ್ತಸಂಬಂಧಿಗಳಲ್ಲ. ಮುಖಂಡನ ಜಮೀನು ಉಳುತ್ತಿದ್ದವರು, ಅವನ ಹಿಂದೆ ಯುದ್ಧಕ್ಕೆ ಹೋಗುತ್ತಿದ್ದವರು, ಆಶ್ರಯ ಕೇಳಿ ಬಂದವರು ಕೂಡ ಅವನ ಹೆಸರನ್ನೇ ಇಟ್ಟುಕೊಳ್ಳುತ್ತಿದ್ದರು. ಅಂದರೆ ಈ ಹೆಸರು ಶುರುವಿನಿಂದಲೂ ಬರೀ ವಂಶದ ಗುರುತಾಗಿರಲಿಲ್ಲ.

ಒಂದೇ ಸೇನೆಯಲ್ಲಿ ಇಬ್ಬರು

ಹೆಕ್ಟರ್ ಮನ್ರೋ 1764ರಲ್ಲಿ ಬಕ್ಸಾರ್ ಗೆದ್ದವನು. ಅದೇ ವರ್ಷ, ಕದನಕ್ಕೆ ಮೊದಲು, ದಂಗೆ ಎದ್ದ ತನ್ನದೇ ಸಿಪಾಯಿಗಳನ್ನು ತೋಪಿನ ಬಾಯಿಗೆ ಕಟ್ಟಿ ಉಡಾಯಿಸಿದವನೂ ಅವನೇ. 1780ರಲ್ಲಿ ಹೈದರಾಲಿ ಮತ್ತು ಟಿಪ್ಪು ಪೊಳ್ಳಿಲೂರಿನಲ್ಲಿ ಕರ್ನಲ್ ಬೇಯ್ಲಿಯ ಪಡೆಯನ್ನು ಸುತ್ತುವರಿದಾಗ ಈ ಹೆಕ್ಟರ್ ದೊಡ್ಡ ಸೇನೆಯೊಂದಿಗೆ ಹತ್ತಿರದಲ್ಲೇ ಕಂಚಿಯಲ್ಲಿದ್ದ. ಸಮಯಕ್ಕೆ ನೆರವಾಗಲಿಲ್ಲ. ಸೋಲಿನ ಸುದ್ದಿ ಬಂದ ಮೇಲೆ ತೋಪುಗಳನ್ನು ದೇವಸ್ಥಾನದ ಕೊಳಕ್ಕೆ ತಳ್ಳಿ ಮದ್ರಾಸಿಗೆ ಹಿಂದಿರುಗಿದ. ಶ್ರೀರಂಗಪಟ್ಟಣದ ದರಿಯಾ ದೌಲತ್ ಗೋಡೆಯ ಮೇಲಿರುವ ಯುದ್ಧದ ಚಿತ್ರ ಆ ಪೊಳ್ಳಿಲೂರಿನದೇ. ಶಾಲಾ ಪ್ರವಾಸದಲ್ಲಿ ನಾವೆಲ್ಲ ಅದರ ಮುಂದೆ ಸಾಲಾಗಿ ನಡೆದು ಹೋದವರು.

ಇದೇ ಹೆಕ್ಟರ್ 1780ರ ದಶಕದಲ್ಲಿ ತನ್ನ ಊರಿನ ಫೈರಿಷ್ ಬೆಟ್ಟದ ತುದಿಯಲ್ಲಿ ಒಂದು ಸ್ಮಾರಕ ಕಟ್ಟಿಸಿದ. ತಾನು ಗೆದ್ದ ನಾಗಪಟ್ಟಣದ ಕೋಟೆ ಬಾಗಿಲಿನ ಮಾದರಿಯದು. ಕೆಲಸವಿಲ್ಲದ ಊರಿನವರಿಗೆ ಕೂಲಿ ಸಿಗಲೆಂದು ಕಟ್ಟಿಸಿದ್ದಂತೆ. ಹೆಚ್ಚು ದಿನದ ಕೂಲಿಯಾಗಲಿ ಎಂದು, ಮೇಲೆ ಸಾಗಿಸಿದ ಕಲ್ಲುಗಳನ್ನು ಮತ್ತೆ ಕೆಳಕ್ಕೆ ಉರುಳಿಸಿಬಿಡುತ್ತಿದ್ದ ಎಂಬ ಕಥೆ ಅಲ್ಲಿ ಇಂದಿಗೂ ಇದೆ. ಅರ್ಜಿ ಹಾಕಿ, ಪರೀಕ್ಷೆ ಬರೆದು, ಅಧಿಸೂಚನೆ ರದ್ದಾಗಿ ಮತ್ತೆ ಅರ್ಜಿ ಹಾಕುವ ನಮಗೆ ಆ ಕಲ್ಲುಗಳ ಕಥೆ ಬೇಗ ಅರ್ಥವಾಗುತ್ತದೆ!

ಕಂಚಿಯಿಂದ ಹಿಂದಿರುಗಿದ ಆ ಸೇನೆಯಲ್ಲಿ ಹತ್ತೊಂಬತ್ತು ವರ್ಷದ ಒಬ್ಬ ಕೆಡೆಟ್ ಇದ್ದ. ಹೆಸರು ಥಾಮಸ್ ಮನ್ರೋ. ಅವನ ತಂದೆ ಗ್ಲಾಸ್ಗೋದಲ್ಲಿ ವರ್ತಕ. ಅಮೆರಿಕದ ವರ್ಜೀನಿಯಾದ ಜೊತೆ ವ್ಯಾಪಾರ, ಅಲ್ಲಿ ಸ್ವಾತಂತ್ರ್ಯ ಯುದ್ಧ ಶುರುವಾದಾಗ ದಿವಾಳಿ. ಮಗ ಕೆಲಸ ಹುಡುಕಿಕೊಂಡು ಹಡಗು ಹತ್ತಿದ. ಪುಸ್ತಕವೋ ತೋಟಾ ಚೀಲವೋ ತನ್ನ ತಲೆದಿಂಬು ಎಂದು ಸೋದರಿಗೆ ಬರೆದ. ಸಣ್ಣ ಸಂಬಳದಲ್ಲೇ ಮನೆಗೆ ಹಣ ಕಳುಹಿಸಿದ. ಪಾರ್ಸಿ, ಹಿಂದೂಸ್ತಾನಿ ಕಲಿತ. ಬಾರಾಮಹಲಿನಲ್ಲಿ ಅಲೆಕ್ಸಾಂಡರ್ ರೀಡ್ ಕೈಕೆಳಗೆ ಏಳು ವರ್ಷ ಹೊಲ ಹೊಲ ಸುತ್ತಿ ಕಂದಾಯದ ಕೆಲಸ ಕಲಿತ. ಕಂಪನಿಯಲ್ಲಿ ಹೆಸರಿದ್ದ ಹೆಕ್ಟರ್‌ನ ಸರ್‌ನೇಮ್ ಅವನಿಗೂ ಇತ್ತು, ಆದರೆ ಹತ್ತೊಂಬತ್ತು ವರ್ಷ ಕಳೆದ ಮೇಲೂ ಅವನು ಕ್ಯಾಪ್ಟನ್ ಅಷ್ಟೇ.

1799ರಲ್ಲಿ ಟಿಪ್ಪು ಮಡಿದ ಮೇಲೆ ಮೈಸೂರು ರಾಜ್ಯದ ವಿಂಗಡಣೆಗೆ ನೇಮಿಸಿದ ಆಯೋಗಕ್ಕೆ ಕಾರ್ಯದರ್ಶಿಗಳಿಬ್ಬರಲ್ಲಿ ಇವನೊಬ್ಬ. ಅಲ್ಲಿಂದ ಕೆನರಾ ಜಿಲ್ಲೆಯ ಮೊದಲ ಕಲೆಕ್ಟರ್, ಅಂದರೆ ನಮ್ಮ ಇಂದಿನ ಕರಾವಳಿ. ಆ ಹುದ್ದೆ ಅವನಿಗೆ ಬೇಡವಾಗಿತ್ತು, ವರ್ಗ ಕೇಳಿಕೊಂಡ. 1800ರಿಂದ 1807ರವರೆಗೆ ಬಳ್ಳಾರಿ, ಅನಂತಪುರ, ಕಡಪ ಸೀಮೆಯಲ್ಲಿ ಪಾಳೆಗಾರರನ್ನು ಬಗ್ಗಿಸಿ ರೈತವಾರಿ ಪದ್ಧತಿ ತಂದ. ಮಧ್ಯವರ್ತಿಗಳು ಹೋಗಿ ಸರ್ಕಾರ ನೇರ ರೈತನಿಂದ ಕಂದಾಯ ಪಡೆಯತೊಡಗಿತು. ಆದರೆ ಕಂದಾಯದ ದರ ಹೆಚ್ಚಾಗಿದ್ದು ರೈತ ಸಾಲಕ್ಕೆ ಬಿದ್ದ. ಪರೀಕ್ಷೆಯಲ್ಲಿ ಎರಡನ್ನೂ ಬರೆಯಬೇಕು. ದರವನ್ನು ಕಾಲು ಭಾಗ ಇಳಿಸಬೇಕೆಂದು ಹೊರಡುವ ಮುನ್ನ ಶಿಫಾರಸು ಮಾಡಿದವನೂ ಅವನೇ. ಮಂತ್ರಾಲಯದಲ್ಲಿ ರಾಘವೇಂದ್ರ ಸ್ವಾಮಿಗಳು ಬೃಂದಾವನದೊಳಗಿಂದ ಮಾತಾಡಿದ್ದು ಇದೇ ಮನ್ರೋ ಜೊತೆ ಎಂಬ ಕಥೆ ನಮ್ಮ ಅಜ್ಜಿಯಂದಿರಿಗೂ ಗೊತ್ತು. ಮುಂದೆ ಮದ್ರಾಸ್ ಗವರ್ನರ್ ಆದ. 1827ರಲ್ಲಿ, ಊರಿಗೆ ಹಿಂದಿರುಗುವ ಮೊದಲು ತನ್ನ ಹಳೆಯ ಜಿಲ್ಲೆಗಳನ್ನು ಕೊನೆಯ ಬಾರಿ ನೋಡಲು ಬಂದು, ಪತ್ತಿಕೊಂಡದಲ್ಲಿ ಕಾಲರಾದಿಂದ ತೀರಿಕೊಂಡ.

ಅಜ್ಜನ ಟಿಪ್ಪಣಿ, ಮೊಮ್ಮಗನ ಪಾಠ

ಸರ್‌ನೇಮ್‌ನಿಂದ ಕೆಲಸ ಸಿಗುತ್ತದಾ? ಸಿಗುತ್ತದೆ. ಅದಕ್ಕೆ ಎಡಿನ್‌ಬರೋ ವಿಶ್ವವಿದ್ಯಾಲಯದ ಮನ್ರೋಗಳೇ ಸಾಕ್ಷಿ. 1720ರಲ್ಲಿ ಅಲೆಕ್ಸಾಂಡರ್ ಮನ್ರೋ ಅಲ್ಲಿ ಅಂಗರಚನಾಶಾಸ್ತ್ರದ ಪ್ರಾಧ್ಯಾಪಕನಾದ. ಅವನ ನಂತರ ಮಗ, ಮಗನ ನಂತರ ಮೊಮ್ಮಗ. ಮೂವರ ಹೆಸರೂ ಅಲೆಕ್ಸಾಂಡರ್ ಮನ್ರೋ, ಮೂವರದೂ ಒಂದೇ ಕುರ್ಚಿ, ಒಟ್ಟು 126 ವರ್ಷ. ಮೊದಲನೆಯವನು ಆ ವೈದ್ಯಶಾಲೆಗೆ ಹೆಸರು ತಂದ. ಎರಡನೆಯವನು ಇನ್ನೂ ಜಾಣ. ಮೆದುಳಿನ ಕುಹರಗಳ ನಡುವಿನ ರಂಧ್ರವೊಂದನ್ನು ವೈದ್ಯ ವಿದ್ಯಾರ್ಥಿಗಳು ಇಂದಿಗೂ ಅವನ ಹೆಸರಿನಿಂದಲೇ ಕಲಿಯುತ್ತಾರೆ. ಮೂರನೆಯವನಿಗೆ ಕುರ್ಚಿ ಸಿಕ್ಕಿತು, ಪಾಠ ಬರಲಿಲ್ಲ. ಅಜ್ಜನ ಟಿಪ್ಪಣಿಗಳನ್ನೇ ತಂದು ತರಗತಿಯಲ್ಲಿ ಓದುತ್ತಿದ್ದನಂತೆ. ಅವನ ಪಾಠ ಕೇಳಿ ಬೇಸತ್ತ ಹುಡುಗರಲ್ಲಿ ಒಬ್ಬನ ಹೆಸರು ಚಾರ್ಲ್ಸ್ ಡಾರ್ವಿನ್. ವೈದ್ಯನಾಗದೆ ಎಡಿನ್‌ಬರೋ ಬಿಟ್ಟ ಡಾರ್ವಿನ್, ಮನ್ರೋ ಪಾಠವೂ ಮನ್ರೋನಷ್ಟೇ ನೀರಸ ಎಂಬರ್ಥದಲ್ಲಿ ಆತ್ಮಕಥೆಯಲ್ಲಿ ಬರೆದಿದ್ದಾನೆ. 

ಬಿಟ್ಟವನು, ತೊಟ್ಟವರು

ಈ ಹೆಸರನ್ನು ಬದಿಗಿಟ್ಟವನೂ ಇದ್ದಾನೆ. ‘ದಿ ಓಪನ್ ವಿಂಡೋ’ ಕಥೆಯನ್ನು ಪಠ್ಯದಲ್ಲಿ ಓದಿದವರಿಗೆ ಸಾಕಿ ಗೊತ್ತು. ಅವನ ನಿಜ ಹೆಸರು ಹೆಕ್ಟರ್ ಹ್ಯೂ ಮನ್ರೋ, ಹುಟ್ಟಿದ್ದು 1870ರಲ್ಲಿ ಬರ್ಮಾದಲ್ಲಿ. ಮೊದಲ ಮಹಾಯುದ್ಧ ಬಂದಾಗ 43ನೇ ವಯಸ್ಸಿನಲ್ಲಿ, ಅಧಿಕಾರಿ ಹುದ್ದೆ ಬೇಡವೆಂದು ಸಾಮಾನ್ಯ ಸೈನಿಕನಾಗಿ ಸೇರಿದ. 1916ರ ನವೆಂಬರ್‌ನಲ್ಲಿ ಫ್ರಾನ್ಸಿನಲ್ಲಿ ಗುಂಡಿಗೆ ಬಲಿಯಾದ. ಓದುಗರಿಗೆ ಅವನು ಇಂದಿಗೂ ಬರೀ ಸಾಕಿ.

ಮದುವೆಯಿಂದ ಈ ಹೆಸರು ಪಡೆದವರು ಆಲಿಸ್. ಕೆನಡಾದ ಹಳ್ಳಿಗಾಡಿನಲ್ಲಿ ನರಿ ಸಾಕುತ್ತಿದ್ದವರ ಮಗಳು, ಹುಟ್ಟುಹೆಸರು ಆಲಿಸ್ ಲೇಡ್ಲಾ. ವಿದ್ಯಾರ್ಥಿವೇತನ ಎರಡೇ ವರ್ಷಕ್ಕಿತ್ತು, ಅದು ಮುಗಿದಾಗ ಕಾಲೇಜೂ ಮುಗಿಯಿತು. 1951ರಲ್ಲಿ ಜೇಮ್ಸ್ ಮನ್ರೋ ಎಂಬುವರನ್ನು ಮದುವೆಯಾದರು. ಮಕ್ಕಳು ಮಲಗಿದ ಹೊತ್ತಿನಲ್ಲಿ ಬರೆದರು. ಮೊದಲ ಪುಸ್ತಕ ಬಂದಾಗ 37 ವರ್ಷ. ಮದುವೆ ಮುರಿಯಿತು, ಮರುಮದುವೆಯೂ ಆಯಿತು, ಆದರೆ ಪುಸ್ತಕದ ಮೇಲಿನ ಹೆಸರು ಬದಲಾಗಲಿಲ್ಲ. 2013ರಲ್ಲಿ, 82ನೇ ವಯಸ್ಸಿನಲ್ಲಿ ನೊಬೆಲ್ ಬಂದಾಗ ಜಗತ್ತು ಕೊಂಡಾಡಿದ್ದು ಮಾಜಿ ಗಂಡನ ಮನೆಯ ಹೆಸರನ್ನು! 2024ರಲ್ಲಿ ಅವರು ತೀರಿಕೊಂಡ ಎರಡೇ ತಿಂಗಳಿಗೆ, ಬಾಲ್ಯದಲ್ಲಿ ಮಲತಂದೆ ತನ್ನ ಮೇಲೆ ದೌರ್ಜನ್ಯ ಎಸಗಿದ್ದನ್ನೂ, ತಿಳಿದ ಮೇಲೂ ತಾಯಿ ಆತನ ಜೊತೆಯೇ ಉಳಿದದ್ದನ್ನೂ ಮಗಳು ಬರೆದರು. ಅದನ್ನು ಓದಿದ ಮೇಲೆ ಆ ಕಥೆಗಳನ್ನು ಮೊದಲಿನಂತೆ ಓದಲು ನನಗೆ ಆಗಿಲ್ಲ. ದೊಡ್ಡ ಹೆಸರಿನ ಕೆಳಗೂ ಮುಚ್ಚಿಟ್ಟ ನೋವು ಇರಬಹುದು.

ಸಿನಿಮಾಕ್ಕಾಗಿ ಹೆಸರು ತೊಟ್ಟವಳು ನಾರ್ಮಾ ಜೀನ್. 1946ರಲ್ಲಿ ಸ್ಟುಡಿಯೊ ಹೊಸ ಹೆಸರು ಕೇಳಿದಾಗ ತಾಯಿಯ ತವರಿನ ಹೆಸರು ಸೇರಿಸಿಕೊಂಡು ಮರ್ಲಿನ್ ಮನ್ರೋ ಆದಳು. 

ಇನ್ನೊಬ್ಬನ ಹೆಸರಂತೂ ಬೆಟ್ಟಗಳಿಗೇ ಅಂಟಿಕೊಂಡಿತು. 1891ರಲ್ಲಿ ಹ್ಯೂ ಮನ್ರೋ ಸ್ಕಾಟ್ಲೆಂಡ್‌ನ 3,000 ಅಡಿಗಿಂತ ಎತ್ತರದ ಬೆಟ್ಟಗಳ ಪಟ್ಟಿ ಮಾಡಿದ. ಇಂದು ಅಂಥ ಬೆಟ್ಟವನ್ನೇ ‘ಮನ್ರೋ’ ಎನ್ನುತ್ತಾರೆ. ಈಗಿನ ಲೆಕ್ಕಕ್ಕೆ 282 ಮನ್ರೋಗಳಿವೆ. ಎಲ್ಲವನ್ನೂ ಹತ್ತಿ ಮುಗಿಸುವುದು ಅಲ್ಲಿನ ಯುವಜನರ ಹುಚ್ಚು. ತಮಾಷೆಯೆಂದರೆ, ಹ್ಯೂ ಮನ್ರೋಗೆ ಮಾತ್ರ ತನ್ನ ಪಟ್ಟಿ ಪೂರ್ತಿ ಮಾಡಲು ಆಗಲಿಲ್ಲ. ಸ್ಕೈ ದ್ವೀಪದ ಕಡಿದಾದ ಬಂಡೆಯೊಂದು ಬಾಕಿ ಉಳಿದಿರುವಾಗಲೇ 1919ರಲ್ಲಿ ತೀರಿಕೊಂಡ. ಎಲ್ಲವನ್ನೂ ಮೊದಲು ಹತ್ತಿದವನೆಂದು ಹೆಸರಾದದ್ದು ರಾಬರ್ಟ್‌ಸನ್ ಎಂಬ ಪಾದ್ರಿ.

ಬೆಳಿಗ್ಗೆಯಿಂದ ಸಂಜೆಯವರೆಗೆ ಇಷ್ಟೆಲ್ಲ ಓದಿ ಪಟ್ಟಿ ಮಾಡಿ ನೋಡಿದೆ. ಒಬ್ಬ ಕ್ರೂರಿ, ಒಬ್ಬ ಶ್ರಮಜೀವಿ, ಒಬ್ಬ ಜಾಣ, ಅವನ ಮಗ ಮಂಕ, ಒಬ್ಬ ಹಾಸ್ಯಗಾರ, ಒಬ್ಬರು ಕಥೆಗಾರ್ತಿ, ಒಬ್ಬಳು ನಟಿ. ಎಲ್ಲರ ಲಾಸ್ಟ್ ನೇಮ್ ಒಂದೇ. ಅಂದು ನನ್ನನ್ನು ಸಂದರ್ಶಿಸಿದವರ ಎದುರು ಇವರೆಲ್ಲ ಸಾಲಾಗಿ ಕುಳಿತು ‘ಮನ್ರೋ’ ಎಂದಷ್ಟೇ ಹೇಳಿದ್ದರೆ ಅವರಿಗೆ ಏನು ತಿಳಿಯುತ್ತಿತ್ತು?

ಹೋದ ತಿಂಗಳು ಮತ್ತೊಂದು ಅರ್ಜಿ ತುಂಬಿದೆ. ಅದೇ ಕಾಲಂ, ಅದೇ ಕೆಂಪು ನಕ್ಷತ್ರ. ಈ ಸಲ ಇನಿಷಿಯಲ್‌ನೊಳಗೆ ಮಡಚಿಟ್ಟಿದ್ದ ಅಪ್ಪನ ಹೆಸರನ್ನು ಬಿಡಿಸಿ ಪೂರ್ತಿ ಬರೆದೆ. ಅದರಿಂದ ನಮ್ಮ ಮನೆತನ ಯಾವುದೆಂದು ಯಾರಿಗೂ ತಿಳಿಯುವುದಿಲ್ಲ. ಹೊಲಿಗೆ ಯಂತ್ರ ತುಳಿದು ನನ್ನನ್ನು ಓದಿಸಿದವರು ಯಾರೆಂದು ಕೇಳಿದರೆ ಮಾತ್ರ ಅದೇ ಉತ್ತರ. ಹಾಲ್ ಟಿಕೆಟ್ ಬಂದ ದಿನ ಅಪ್ಪನಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ತಮ್ಮ ಹೆಸರನ್ನು ಎರಡು ಸಲ ಓದಿದರು. ‘ಸ್ಪೆಲ್ಲಿಂಗ್ ಸರಿಯಾಗಿದೆ. ನೀನು ಓದಿಕೋ ಹೋಗು’ ಎಂದರು.