ಲಾರಿ ನಿಲ್ಲಿಸುವ ಹಕ್ಕು ಯಾರದು?

ಕಾರ್ತಿಕ ಕಳೆದು ಮಾರ್ಗಶಿರದ ಚಳಿಯು ಮಲಪ್ರಭೆಯ ದಂಡೆಯ ಊರುಗಳ ಮೇಲೆ ಇಳಿಯತೊಡಗಿದ ದಿನಗಳಲ್ಲಿ, ಬೈಲಹೊಂಗಲದಿಂದ ಕಿತ್ತೂರಿನ ಕಡೆಗೆ ಹೊರಟರೂ ಸವದತ್ತಿಯ ಕಡೆಗೆ ಹೊರಟರೂ ರಾತ್ರಿಯ ದಾರಿಯಲ್ಲಿ ಕಣ್ಣಿಗೆ ಬೀಳುವ ದೃಶ್ಯವೊಂದೇ: ಆಳೆತ್ತರಕ್ಕೂ ಮಿಗಿಲಾಗಿ ಕಬ್ಬು ಹೇರಿಕೊಂಡು ಎರಡೆರಡು ಟ್ರೇಲರುಗಳನ್ನು ಎಳೆಯುವ ಟ್ರ್ಯಾಕ್ಟರುಗಳು, ಅವುಗಳ ನಡುವೆ ಹಗ್ಗ ಬಿಗಿದ ಲಾರಿಗಳು, ಮುಂದೆ ಸಕ್ಕರೆ ಕಾರ್ಖಾನೆಯ ದೀಪಗಳು, ಆ ದೀಪಗಳವರೆಗೂ ಹಬ್ಬಿದ ಸರದಿ. ಸರದಿಯಲ್ಲಿ ನಿಂತ ಚಾಲಕನು ತೂಕದ ಕಾಟಾ ತಲುಪುವತನಕ ಅಲ್ಲಿಯೇ ಉಣ್ಣುತ್ತಾನೆ, ಅಲ್ಲಿಯೇ ಕಂಬಳಿ ಹೊದ್ದು ಗಾಲಿಯ ಪಕ್ಕದಲ್ಲಿ ಮಲಗುತ್ತಾನೆ, ಮುಂದಿನ ಗಾಡಿ ಸರಿದಾಗಲೆಲ್ಲ ಎದ್ದು ತನ್ನ ಗಾಡಿಯನ್ನು ಹತ್ತು ಮಾರು ಮುಂದಕ್ಕೆ ತರುತ್ತಾನೆ. ಬಾಡಿಗೆಯು ಟನ್ನಿನ ಮೇಲೆ, ದೂರದ ಮೇಲೆ ಗಣಿಸಲ್ಪಡತಕ್ಕದ್ದಾದುದರಿಂದ ಹಾಗೆ ಕಾಯ್ದ ತಾಸುಗಳಿಗೆ ಲೆಕ್ಕದ ಪುಸ್ತಕದಲ್ಲಿ ಸ್ಥಳವೇ ಇಲ್ಲ. ನಿಲ್ಲುವುದೆಂದರೆ ಅವನಿಗೆ ಅಷ್ಟು ರೂಢಿ. ಆದರೂ ತನ್ನ ಇಚ್ಛೆಯಿಂದ, ತನ್ನವರೆಲ್ಲರ ಜೊತೆಗೂಡಿ, ತನ್ನ ಹಿತಕ್ಕಾಗಿ ಅವನು ನಿಲ್ಲಬಲ್ಲನೇ ಎಂಬ ಪ್ರಶ್ನೆಯನ್ನು ನಮ್ಮಲ್ಲಿ ಕೇಳಿದವರು ವಿರಳ.

ಪತ್ರಿಕೆಗಳಲ್ಲಿ ನಾವು ಆಗಾಗ ಓದುವ 'ಲಾರಿ ಮುಷ್ಕರ' ಎಂಬ ಮಾತೇ ಈ ಪ್ರಶ್ನೆಯನ್ನು ಮರೆಮಾಡುತ್ತದೆ. 2025ರ ಏಪ್ರಿಲ್ 14ರ ಮಧ್ಯರಾತ್ರಿಯಿಂದ ಕರ್ನಾಟಕದಲ್ಲಿ ಅನಿರ್ದಿಷ್ಟ ಕಾಲದ ಮುಷ್ಕರ ಆರಂಭವಾಯಿತು. ಕರೆಯಿತ್ತದ್ದು ಜಿ.ಆರ್. ಷಣ್ಮುಗಪ್ಪನವರ ನೇತೃತ್ವದ ಲಾರಿ ಮಾಲೀಕರ ಹಾಗೂ ಏಜೆಂಟರ ಸಂಘಗಳ ಒಕ್ಕೂಟ. ರಾಜ್ಯ ಸರಕಾರವು ಏಪ್ರಿಲ್ 1ರಿಂದ ಡೀಸೆಲಿನ ಮಾರಾಟ ತೆರಿಗೆಯನ್ನು ಶೇ. 18.44ರಿಂದ ಶೇ. 21.17ಕ್ಕೆ ಏರಿಸಿ ಲೀಟರಿಗೆ 2 ರೂಪಾಯಿ ಹೆಚ್ಚಿಸಿತ್ತು. ಅದಕ್ಕೆ ಹತ್ತು ತಿಂಗಳ ಹಿಂದೆ, 2024ರ ಜೂನಿನಲ್ಲಿ, ಮೂರು ರೂಪಾಯಿ ಏರಿತ್ತು. ಕಿತ್ತೂರಿನಿಂದ ಬೆಂಗಳೂರಿಗೆ ಹೋಗಿ ಬರುವುದೆಂದರೆ ಸುಮಾರು 900 ಕಿಲೋಮೀಟರು. ಲೀಟರಿಗೆ ನಾಲ್ಕು ಕಿಲೋಮೀಟರು ಓಡುವ ಭಾರದ ಲಾರಿಗೆ 225 ಲೀಟರು ಡೀಸೆಲು. ಎಂದರೆ ಒಂದೇ ಸುತ್ತಿಗೆ ಈ ಎರಡು ಏರಿಕೆಗಳಿಂದ ಸಾವಿರ ರೂಪಾಯಿಗೂ ಮೀರಿದ ಹೊರೆ. ಹೊರೆ ನಿಜವಾದದ್ದೇ, ಕೂಗೂ ನಿಜವಾದದ್ದೇ. ಆದರೆ ಅದು ಗಾಡಿಯ ಒಡೆಯನ ಲೆಕ್ಕದ ಹೊರೆ. ರಾಜ್ಯ ಹೆದ್ದಾರಿಗಳ ಟೋಲು, ಗಡಿಯ ಸಾರಿಗೆ ತನಿಖಾ ಠಾಣೆಗಳು ಮೊದಲಾದ ಬೇಡಿಕೆಗಳಲ್ಲಿ ಚಾಲಕನ ತಿಂಗಳ ಸಂಬಳ, ದಿನದ ಬಟ್ಟಾ, ನಿದ್ದೆಯ ತಾಸು ಮುಖ್ಯವಾಗಿ ಕಾಣಿಸಿಕೊಳ್ಳಲಿಲ್ಲ. ಏಪ್ರಿಲ್ 17ರಂದು ಸರಕಾರದೊಡನೆ ಮಾತುಕತೆಯಾಗಿ ಕೆಲವು ಭರವಸೆಗಳ ಮೇಲೆ ಮುಷ್ಕರ ಹಿಂತೆಗೆಯಲ್ಪಟ್ಟಿತು. ಡೀಸೆಲಿನ ಬೆಲೆ ಮಾತ್ರ ಇಳಿಯಲಿಲ್ಲ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳೆಂಬ ನಮ್ಮ ಈ ನಾಲ್ಕು ತಾಲೂಕುಗಳಲ್ಲಿಯಂತೂ ಕಬ್ಬು ನುರಿಸುವ ಹಂಗಾಮು ಅಷ್ಟರಲ್ಲಿ ಮುಗಿದುಹೋಗಿ ಕಾರ್ಖಾನೆಗಳ ಅಂಗಳಗಳು ಬರಿದಾಗಿದ್ದುವು. ನಿಂತ ಲಾರಿಯನ್ನು ಯಾರೂ ಅವಸರದಿಂದ ಹುಡುಕದ ಕಾಲದಲ್ಲಿ ಲಾರಿ ನಿಂತಿತ್ತು.

ಮಾಲೀಕನೆಂದರೆ ಸಿರಿವಂತನೆಂದು ತಿಳಿಯುವುದೂ ತಪ್ಪೇ. ನಮ್ಮ ಕಡೆ ನೂರು ಗಾಡಿಗಳ ಒಡೆಯರಿಲ್ಲ. ಒಂದೋ ಎರಡೋ ಗಾಡಿ, ಅದರ ಮೇಲೆ ಫೈನಾನ್ಸಿನ ಸಾಲ, ತಿಂಗಳು ತಿಂಗಳು ತಪ್ಪದ ಕಂತು. ಅನೇಕ ವೇಳೆ ಮಾಲೀಕನೇ ಚಾಲಕ, ಇಲ್ಲವೇ ಅವನ ತಮ್ಮನೋ ಅಳಿಯನೋ ಚಾಲಕ. ಕಬ್ಬಿನ ಸಾಗಾಣಿಕೆಯಲ್ಲಿ ಇನ್ನೂ ಒಂದು ಗಂಟು ಉಂಟು. ಕಟಾವಿನ ಗ್ಯಾಂಗನ್ನು ಕರೆತರುವುದಕ್ಕೆ ಗಾಡಿಯವನು ಕಾರ್ಖಾನೆಯಿಂದ ಮುಂಗಡ ಪಡೆದು ಅದನ್ನು ಗ್ಯಾಂಗಿನ ಮುಕಾದಮನಿಗೆ ಕೊಟ್ಟಿರುತ್ತಾನೆ. ಗ್ಯಾಂಗು ಅರ್ಧದಲ್ಲಿ ಓಡಿಹೋದರೆ ಆ ಹಣ ಇವನ ತಲೆಯ ಮೇಲೆ. ಹೀಗೆ ಮುಂದೆ ಕಾರ್ಖಾನೆಯ ಋಣ, ಹಿಂದೆ ಬ್ಯಾಂಕಿನ ಋಣ ಇರುವವನು ಹತ್ತು ದಿನ ಗಾಡಿ ನಿಲ್ಲಿಸುವುದೆಂತು? ಇವನ ಕೈಕೆಳಗೆ ದುಡಿಯುವ ಚಾಲಕನು ಯಾರ ವಿರುದ್ಧ ನಿಲ್ಲಬೇಕು? "ಗಾಡಿ ನಿಂತ್ರ ಬಟ್ಟಾನೂ ನಿಂತಂಗರಿ, ಸಾವ್ಕಾರಂದೂ ಅದ ಹಣೇಬರ" ಎಂಬ ಚಾಲಕರ ಧಾಟಿಯ ಮಾತಿನಲ್ಲಿ ಒಡೆಯನ ಮೇಲೆ ಕೋಪಕ್ಕಿಂತ ಕನಿಕರವೇ ಹೆಚ್ಚಾಗಿ ಕೇಳುತ್ತದೆ.

ಕಾನೂನೂ ಈ ಚದುರಿದ ಸ್ಥಿತಿಗೆ ಮದ್ದಾಗಿ ಬರಲಿಲ್ಲ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆಯು ದಿನಕ್ಕೆ ಎಂಟು ತಾಸು, ವಾರಕ್ಕೆ 48 ತಾಸು ದುಡಿಮೆ ಎಂದು ಚಾಲಕನಿಗೂ ಮಿತಿ ಹಾಕಿತು. ಆದರೆ ಆ ಕಾಯಿದೆ ಅನ್ವಯಿಸುತ್ತಿದ್ದುದು ಐವರು ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಸಂಸ್ಥೆಗಳಿಗೆ. ಒಂದು ಲಾರಿ, ಒಬ್ಬ ಚಾಲಕ, ಒಬ್ಬ ಕ್ಲೀನರ್ ಇರುವಲ್ಲಿ ಕಾಯಿದೆ ಬಾಗಿಲ ಹೊರಗೇ ನಿಂತಿತು. ಅಂತಹ ಒಂಟಿ ಲಾರಿಗಳೇ ದೇಶದಲ್ಲಿ ಹೆಚ್ಚಾದುದರಿಂದ, ಯಾರಿಗಾಗಿ ಬರೆಯಲ್ಪಟ್ಟಿತೋ ಅವರಲ್ಲಿ ಬಹುಪಾಲು ಜನಕ್ಕೆ ಆ ಕಾಯಿದೆಯ ಹೆಸರೂ ತಿಳಿಯದು.

ಇಷ್ಟೆಲ್ಲ ಇದ್ದೂ ಚಾಲಕರು ಒಮ್ಮೆ ದೇಶದ ಸರಕಾರವನ್ನೇ ತಡೆದು ನಿಲ್ಲಿಸಿದರು. 2023ರ ಡಿಸೆಂಬರಿನಲ್ಲಿ ಅಂಗೀಕೃತವಾದ ಭಾರತೀಯ ನ್ಯಾಯ ಸಂಹಿತೆಯ 106ನೆಯ ಕಲಮಿನ 2ನೆಯ ಉಪಕಲಮು, ಅಜಾಗರೂಕತೆಯಿಂದ ಗಾಡಿ ನಡೆಸಿ ಒಬ್ಬನ ಸಾವಿಗೆ ಕಾರಣನಾಗಿ, ಪೊಲೀಸರಿಗಾಗಲಿ ಮ್ಯಾಜಿಸ್ಟ್ರೇಟರಿಗಾಗಲಿ ತಿಳಿಸದೆ ಓಡಿಹೋದ ಚಾಲಕನಿಗೆ ಹತ್ತು ವರ್ಷಗಳವರೆಗೆ ಸೆರೆಮನೆ ವಿಧಿಸಿತು. ಹಳೆಯ ದಂಡ ಸಂಹಿತೆಯಲ್ಲಿ ನಿರ್ಲಕ್ಷ್ಯದ ಸಾವಿಗೆ ಇದ್ದುದು ಎರಡು ವರ್ಷ. ಸತ್ತವನ ಮನೆಯವರ ದುಃಖವನ್ನು ನೆನೆದಾಗ ಶಿಕ್ಷೆ ಕಠಿನವಾಗಿರಬೇಕೆನ್ನುವುದು ಸಹಜ. ಆದರೆ ಅಪಘಾತವಾದೆಡೆಯಲ್ಲಿ ನಿಂತ ಚಾಲಕನಿಗೆ ಗುಂಪಿನ ಕೈಯಲ್ಲಿ ಏನಾಗುತ್ತದೆಂಬುದನ್ನು ಬಲ್ಲವರು, ಅವನು ಓಡುವುದು ಯಾವಾಗಲೂ ದುಷ್ಟತನದಿಂದಲ್ಲವೆಂದೂ ಬಲ್ಲರು. 2024ರ ಜನವರಿ 1 ಮತ್ತು 2ರಂದು ಮಹಾರಾಷ್ಟ್ರ, ಮಧ್ಯಪ್ರದೇಶ, ಗುಜರಾತ, ರಾಜಸ್ಥಾನಗಳಲ್ಲಿ ಚಾಲಕರು ಗಾಡಿಗಳನ್ನು ನಿಲ್ಲಿಸಿ ಕೆಳಗಿಳಿದರು. ಎಣ್ಣೆಯ ಟ್ಯಾಂಕರುಗಳೂ ನಿಂತುದರಿಂದ ಪೆಟ್ರೋಲು ಬಂಕುಗಳ ಮುಂದೆ ಜನ ಮುಗಿಬಿದ್ದರು. 2ರ ರಾತ್ರಿಯೇ ಕೇಂದ್ರ ಗೃಹ ಕಾರ್ಯದರ್ಶಿ ಅಜಯ ಭಲ್ಲಾ ಅವರು ಅಖಿಲ ಭಾರತ ಮೋಟಾರು ಸಾರಿಗೆ ಕಾಂಗ್ರೆಸ್ಸಿನ ಮುಖಂಡರನ್ನು ಕರೆದು, ಆ ಉಪಕಲಮನ್ನು ಸಮಾಲೋಚನೆಯಿಲ್ಲದೆ ಜಾರಿಗೆ ತರಲಾಗದೆಂದು ಮಾತು ಕೊಟ್ಟರು. 2024ರ ಜುಲೈ 1ರಂದು ಸಂಹಿತೆಯೆಲ್ಲ ಜಾರಿಗೆ ಬಂದಾಗ ಅದೊಂದು ಉಪಕಲಮು ಮಾತ್ರ ತಡೆಹಿಡಿಯಲ್ಪಟ್ಟಿತ್ತು.

ಈ ಎರಡು ಮುಷ್ಕರಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ನನಗೆ ತೋರುವುದಿಷ್ಟು. ಡೀಸೆಲಿನ ಎರಡು ರೂಪಾಯಿ ಮಾಲೀಕನ ಕಿಸೆಯನ್ನು ಮುಟ್ಟಿತು. ಹತ್ತು ವರ್ಷದ ಸೆರೆಮನೆ ಸ್ಟಿಯರಿಂಗು ಹಿಡಿದ ಪ್ರತಿಯೊಂದು ಕೈಯನ್ನೂ, ಅದು ಯಾರ ಗಾಡಿಯೇ ಆಗಿರಲಿ, ಸಮನಾಗಿ ಮುಟ್ಟಿತು. ಮೊದಲನೆಯದರಲ್ಲಿ ಚಾಲಕನನ್ನು ಇತರರು ನಿಲ್ಲಿಸಿದರು, ಎರಡನೆಯದರಲ್ಲಿ ಅವನೇ ನಿಂತನು. ಆದರೂ ಎರಡು ದಿನದ ಆ ಗೆಲವು ಒಂದು ಅನಿಷ್ಟವನ್ನು ತಡೆದ ಗೆಲವಷ್ಟೆ. ಸಂಬಳ, ವಿಶ್ರಾಂತಿ, ವಿಮೆಗಳಂಥ ಒಂದು ಹಿತವನ್ನು ಪಡೆದು ಉಳಿಸಿಕೊಳ್ಳಲು ಮೇಜಿನ ಆಚೆ ಕೂತು ಸಹಿ ಹಾಕತಕ್ಕ ಸಂಘ ಬೇಕು. ಗೃಹ ಕಾರ್ಯದರ್ಶಿಗಳ ಮುಂದೆ ಅಂದು ಕುಳಿತಿದ್ದುದು ಸಾರಿಗೆ ಉದ್ಯಮಿಗಳ ಸಂಸ್ಥೆಯೇ ವಿನಾ ಚಾಲಕರದಲ್ಲ.

ಸಂಘ ಕಟ್ಟಿದ ಚಾಲಕರು ಎಲ್ಲಿಯೂ ಇಲ್ಲವೇ ಎಂದರೆ, ಅಮೆರಿಕದ ಮಿನಿಯಾಪೊಲಿಸ್ ನಗರದ 1934ರ ವೃತ್ತಾಂತವನ್ನು ಬೈಲಹೊಂಗಲದ ಮಾರುಕಟ್ಟೆಯಲ್ಲಿ ನಿಂತು ಓದಬೇಕು; ಅಷ್ಟು ಹತ್ತಿರದ್ದಾಗಿ ಕಾಣುತ್ತದೆ. ಆ ನಗರದಲ್ಲಿ ಉದ್ಯಮಿಗಳ ಒಕ್ಕೂಟ ಅನೇಕ ವರ್ಷ ಸಂಘಗಳನ್ನು ತಲೆಯೆತ್ತಗೊಡದೆ ಇದ್ದಿತು. ಚಾಲಕರ ಮುಂದಾಳುಗಳು ಮೊದಲ ಹೆಜ್ಜೆಗೆ ಆರಿಸಿದ ಕಾಲ ಫೆಬ್ರವರಿ, ಆರಿಸಿದ ಸ್ಥಳ ಕಲ್ಲಿದ್ದಲ ಮಂಡಿಗಳು. ಹಿಮ ಸುರಿಯುವ ಆ ನಾಡಿನಲ್ಲಿ ಮನೆ ಬೆಚ್ಚಗಿರಲು ಕಲ್ಲಿದ್ದಲು ದಿನವೂ ಬರಬೇಕು. ಮೂರೇ ದಿನದಲ್ಲಿ ಮಂಡಿಗಳವರು ಒಪ್ಪಿದರು. ಆ ಸಣ್ಣ ಗೆಲವನ್ನು ಕಂಡ ಸಾವಿರಾರು ಮಂದಿ 574ನೆಯ ಸ್ಥಾನಿಕ ಸಂಘವನ್ನು ಸೇರಿದ ಬಳಿಕವೇ ಮೇ ತಿಂಗಳಲ್ಲಿ ನಗರದ ಲಾರಿಗಳೆಲ್ಲ ನಿಂತುವು. ದೊಡ್ಡದೊಂದು ಗ್ಯಾರೇಜನ್ನು ಬಾಡಿಗೆಗೆ ಹಿಡಿದು ಅಲ್ಲಿ ಅಡಿಗೆಮನೆ, ಗಾಯಾಳುಗಳ ಆಸ್ಪತ್ರೆ, ಮೋಟಾರುಗಳನ್ನು ಎಲ್ಲೆಲ್ಲಿಗೆ ಕಳುಹಬೇಕೆಂದು ಹೇಳುವ ಟೆಲಿಫೋನುಗಳು, ಇವೆಲ್ಲ ಸಿದ್ಧವಾದುವು. ಕಾರ್ಮಿಕರ ಮಡದಿಯರು ತಮ್ಮದೇ ಒಂದು ಮಂಡಲಿ ಕಟ್ಟಿ ಹೆಗಲು ಕೊಟ್ಟರು. ಮುಂದೆ ಸಂಘವು ತನ್ನದೇ ದಿನಪತ್ರಿಕೆಯನ್ನೂ ಹೊರಡಿಸಿತು. ತರಕಾರಿ ತರುವ ರೈತರು ತಮ್ಮ ವೈರಿಗಳಾಗಬಾರದೆಂದು ಅವರಿಗೆ ಬೇರೆಯಾಗಿ ಮಾರಾಟದ ಸೌಕರ್ಯ ಕಲ್ಪಿಸಿದುದು ಅವರ ದೂರದೃಷ್ಟಿಗೆ ಸಾಕ್ಷಿ. ಜುಲೈ 20ರಂದು ಪೊಲೀಸರು ನಿರಾಯುಧರ ಮೇಲೆ ಗುಂಡು ಹಾರಿಸಿದುದರಿಂದ ಇಬ್ಬರು ಸತ್ತು ಅರುವತ್ತಕ್ಕೂ ಮಿಕ್ಕಿ ಜನ ಗಾಯಗೊಂಡರು. ಆದರೂ ಸಾಲು ಮುರಿಯದೆ ಆಗಸ್ಟಿನಲ್ಲಿ ಒಪ್ಪಂದವಾಯಿತು. ಆ ಹೋರಾಟದಲ್ಲಿ ಬಹುಕಾಲ ಜಗ್ಗಾಡಿದ ವಿಷಯವೊಂದಿತ್ತು: ಗೋದಾಮಿನೊಳಗೆ ಮೂಟೆ ಹೊರುವವರೂ ಈ ಸಂಘಕ್ಕೆ ಸೇರತಕ್ಕವರೇ ಎಂಬುದು. ಚಾಲಕರು ಹೊರೆಯಾಳುಗಳ ಕೈಬಿಡಲು ಒಪ್ಪಲಿಲ್ಲ.

ಹೊರೆಯಾಳೆಂದರೆ ನಮ್ಮಲ್ಲಿ ಹಮಾಲ. ಬೈಲಹೊಂಗಲದ ಹತ್ತಿಯ ಅಂಡಿಗೆಯನ್ನಾಗಲಿ ರಾಮದುರ್ಗದ ಕಡಲೆಯ ಚೀಲವನ್ನಾಗಲಿ ಅವನು ಎತ್ತದೆ ಲಾರಿ ತುಂಬುವುದಿಲ್ಲ. ಚಾಲಕ ನೂರು ದಾರಿಗಳಲ್ಲಿ ಚದುರಿದರೆ ಹಮಾಲ ಒಂದೇ ಅಂಗಳದಲ್ಲಿ ದಿನವೂ ಸೇರುತ್ತಾನೆ. ಆದುದರಿಂದಲೇ ನೆರೆಯ ಮಹಾರಾಷ್ಟ್ರದಲ್ಲಿ ಹಮಾಲರ ಸಂಘಟನೆ ಬಲಿತು, 1969ರಲ್ಲಿಯೇ ಅವರ ಕೂಲಿ ಹಾಗೂ ಭವಿಷ್ಯನಿಧಿಗಳಿಗೆಂದು ಮಾಥಾಡಿ ಕಾಯಿದೆ ಬಂದಿತು. ಚಾಲಕರ ಸಂಘಕ್ಕೆ ಬೇರು ಬಿಡಲು ನೆಲ ಬೇಕಿದ್ದರೆ ಅದು ಹಮಾಲರ ಅಂಗಳವೇ ಎಂದು ನನ್ನ ನಂಬಿಕೆ.

ಸಂಘವಿದ್ದೂ ಸೋತವರುಂಟು, ಅದನ್ನು ಮುಚ್ಚಿಡಲಾಗದು. 2021ರ ಏಪ್ರಿಲ್ 7ರಿಂದ ಎರಡು ವಾರ ನಮ್ಮ ಬಸ್ಸುಗಳ ನೌಕರರು ಕೆಲಸ ನಿಲ್ಲಿಸಿ, ಉಚ್ಚ ನ್ಯಾಯಾಲಯದ ಮಾತಿನ ಬಳಿಕ ಬರಿಗೈಯಲ್ಲಿ ಹಿಂದಿರುಗಿದರು. ಅನೇಕರು ನೌಕರಿ ಕಳೆದುಕೊಂಡರು. ದಕ್ಷಿಣ ಕೊರಿಯಾದಲ್ಲಿ 2022ರ ನವೆಂಬರ್ 24ರಿಂದ ಹದಿನಾರು ದಿನ ನಿಂತ ಲಾರಿಗಳವರು ಕೇಳಿದ್ದು, ಅತಿವೇಗವಿಲ್ಲದೆ, ಅತಿಭಾರವಿಲ್ಲದೆ, ನಿದ್ದೆಗೆಡದೆ ಬದುಕಬಹುದಾದಷ್ಟು ಕನಿಷ್ಠ ಬಾಡಿಗೆಯ ದರದ ಮುಂದುವರಿಕೆ. ಸರಕಾರ ಕೆಲಸಕ್ಕೆ ಮರಳುವ ಆಜ್ಞೆ ಹೊರಡಿಸಿತು. ಸ್ವಂತ ಗಾಡಿಯಿರುವವರು ಕಾರ್ಮಿಕರೇ ಅಲ್ಲವೆಂಬ ವಾದವನ್ನೂ ಹೂಡಿತು. ದರದ ಆ ವ್ಯವಸ್ಥೆ ವರ್ಷಾಂತ್ಯಕ್ಕೆ ಕೊನೆಗೊಂಡಿತು.

ಇನ್ನು ನಮ್ಮ ನೆಲದ ಕಡೆಗೆ ಬರೋಣ. ಕೂಡಿ ನಿಲ್ಲುವ ವಿದ್ಯೆ ಇಲ್ಲಿಯವರಿಗೆ ಹೊಸದಾಗಿ ಕಲಿಸಬೇಕಾದುದಲ್ಲ. ನವಿಲುತೀರ್ಥದ ಅಣೆಕಟ್ಟಿನ ನೀರಿಗಾಗಿ ಹೊಲಗಳ ಮೇಲೆ ಬಿದ್ದ ಅಭಿವೃದ್ಧಿ ಕರದ ವಿರುದ್ಧ ಎದ್ದ ಮಲಪ್ರಭಾ ರೈತರ ಚಳವಳಿಯಲ್ಲಿ ನವಲಗುಂದ, ನರಗುಂದಗಳ ಜೊತೆ ಸವದತ್ತಿ, ರಾಮದುರ್ಗಗಳ ರೈತರೂ ಇದ್ದರು. 1980ರ ಜುಲೈ 21ರ ಗೋಲೀಬಾರಿನ ಬಳಿಕ ಆ ಕಿಡಿ ರಾಜ್ಯವನ್ನೆಲ್ಲ ವ್ಯಾಪಿಸಿತು. 2025ರ ಅಕ್ಟೋಬರಿನ ಕೊನೆಯಿಂದ ಇದೇ ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸಿನಲ್ಲಿ ಸಾವಿರಾರು ಕಬ್ಬು ಬೆಳೆಗಾರರು ರಸ್ತೆಯ ಮೇಲೆಯೇ ಹಗಲಿರುಳು ಕುಳಿತು ಟನ್ನಿಗೆ 3,500 ರೂಪಾಯಿ ಕೇಳಿದರು. ನವೆಂಬರಿನ ಮೊದಲ ವಾರದ ಕೊನೆಗೆ 3,300 ರೂಪಾಯಿಯ ತೀರ್ಮಾನವಾಯಿತು. ಅವರ ಬಲವೆಲ್ಲ ಹಂಗಾಮಿನಲ್ಲಿತ್ತು. ಕಡಿದ ಕಬ್ಬು ದಿನ ಕಳೆದಂತೆ ಸಕ್ಕರೆಯ ಅಂಶ ಕಳೆದುಕೊಳ್ಳುತ್ತದೆ, ಒಲೆ ಹೊತ್ತಿದ ಕಾರ್ಖಾನೆ ಬರಿದೆ ನಿಲ್ಲಲಾರದು. ಆದರೆ ಆ ದಿನಗಳಲ್ಲಿ ದಾರಿಯಲ್ಲಿ ತಡೆಯಲ್ಪಟ್ಟ ಕಬ್ಬಿನ ಗಾಡಿಗಳ ಚಾಲಕನನ್ನು ಯಾರು ಏನು ಕೇಳಿದರು? ಅದೇ ನವೆಂಬರಿನಲ್ಲಿ ಬಾಗಲಕೋಟೆ ಜಿಲ್ಲೆಯ ಕಾರ್ಖಾನೆಯೊಂದರ ಅಂಗಳದಲ್ಲಿ ಕಬ್ಬು ತುಂಬಿದ ಅನೇಕ ಟ್ರೇಲರುಗಳು ಬೆಂಕಿಗೆ ಆಹುತಿಯಾದಾಗಲೂ, ಗಾಡಿಯನ್ನೇ ನಂಬಿದವನ ಹೆಸರು ಸುದ್ದಿಯ ಅಂಚಿನಲ್ಲಿ ಉಳಿಯಿತು. ರೈತನ ಮುಷ್ಕರವಾದರೂ ಒಡೆಯನ ಮುಷ್ಕರವಾದರೂ ಚಾಲಕ ನಿಲ್ಲಲೇಬೇಕು. ಫಲದಲ್ಲಿ ಅವನ ಪಾಲು ಬರೆದಿರುವುದಿಲ್ಲ.

ರೈತನಿಗೆ ಸಂದ ಬಲವೇ, ಮಿನಿಯಾಪೊಲಿಸ್ಸಿನ ಕಲ್ಲಿದ್ದಲಿಗಿದ್ದ ಬಲವೇ, ನವೆಂಬರಿನಿಂದ ಫೆಬ್ರವರಿಯವರೆಗೆ ಕಬ್ಬಿನ ಚಾಲಕನಿಗೂ ಉಂಟು. ಎಂ.ಕೆ. ಹುಬ್ಬಳ್ಳಿಯ ಮಲಪ್ರಭಾ ಸಹಕಾರಿ ಕಾರ್ಖಾನೆಯಿಂದ ಹಿಡಿದು ರಾಮದುರ್ಗದ ಕಡೆಯ ಕಾರ್ಖಾನೆಯವರೆಗೆ ನಾಲ್ಕು ತಾಲೂಕುಗಳ ಕಬ್ಬೆಲ್ಲವೂ ಬೆರಳೆಣಿಕೆಯ ಬಾಗಿಲುಗಳಲ್ಲಿಯೇ ನುಗ್ಗಬೇಕು. ಹೆದ್ದಾರಿಯ ಸಾವಿರಾರು ಲಾರಿಗಳನ್ನು ತಡೆಯಲು ಹೊರಟವರು ಸೋಲುವರು. ಆ ಕೆಲವು ಬಾಗಿಲುಗಳ ಮುಂದಿನವರು ಒಂದಾದರೆ ಎರಡೇ ದಿನ ಸಾಕು. ಆದರೆ ಆ ಎರಡು ದಿನದಲ್ಲಿ ಒಣಗುವುದು ರೈತನ ಬೆಳೆಯೆಂಬುದನ್ನು ಮರೆತರೆ ಊರೇ ಚಾಲಕನಿಗೆ ಎದುರಾದೀತು. ಆದುದರಿಂದ ಕಡಿದ ಕಬ್ಬು ಮುಗಿಯುವವರೆಗೆ ಸಾಗಿಸಿ, ಹೊಸ ಕಟಾವು ಆಗದಂತೆ ಬೆಳೆಗಾರರ ಸಂಘಗಳೊಡನೆ ಮೊದಲೇ ಮಾತಾಡಿ, ಹಾಲು, ಔಷಧ, ಮೇವುಗಳ ಗಾಡಿಗಳನ್ನು ಬಿಟ್ಟುಕೊಟ್ಟು, ಸಣ್ಣ ಮಾಲೀಕನ ಒಂದು ತಿಂಗಳ ಕಂತಿಗೆ ಬ್ಯಾಂಕಿನಲ್ಲಿ ಅವಧಿ ಕೇಳಿ, ಬಟ್ಟಾ ಇಲ್ಲದ ಚಾಲಕರ ಮನೆಗಳಿಗೆ ಜೋಳದ ಚೀಲ ಕೂಡಿಟ್ಟು ನಿಲ್ಲತಕ್ಕದ್ದು. ಕೇಳತಕ್ಕದ್ದೂ ಬಹಳವಿಲ್ಲ: ಸರದಿಯಲ್ಲಿ ಇಷ್ಟು ತಾಸು ಮೀರಿದರೆ ಕಾಯುವ ಕೂಲಿ, ಮಲಗಲು ಒಂದು ಸೂರು, ಶೌಚಾಲಯ, ಬಿಸಿನೀರು, ಅಪಘಾತ ವಿಮೆಯ ಕಾಗದ. ಮಾಲೀಕ ಕೊಡಲಾರದ ಇವನ್ನು ಕಾರ್ಖಾನೆಯ ಅಂಗಳ ಕೊಡಬಲ್ಲುದು. ಬಡ ಒಡೆಯನ ವಿರುದ್ಧ ಬಡ ಚಾಲಕನು ಎದ್ದುನಿಲ್ಲಬೇಕಾದ ಸಂಕಟವೂ ಇದರಿಂದ ತಪ್ಪುತ್ತದೆ.

ಸಂಘದ ನೋಂದಣಿಯ ಅರ್ಜಿಗೆ ಏಳು ಮಂದಿಯ ಸಹಿ ಬೇಕು. ಆ ಉದ್ಯಮದ ಕಾರ್ಮಿಕರಲ್ಲಿ ಶೇ. 10 ಅಥವಾ 100 ಮಂದಿ, ಯಾವುದು ಕಡಿಮೆಯೋ ಅಷ್ಟು ಜನ ಸದಸ್ಯರಾಗಿರಬೇಕು. ಹಂಗಾಮಿನ ಯಾವ ರಾತ್ರಿಯಲ್ಲಾದರೂ ಸರಿ, ಕಾರ್ಖಾನೆಯ ಅಂಗಳದಲ್ಲಿ ಕಬ್ಬಿನ ರವದಿಗೆ ಬೆಂಕಿ ಹಚ್ಚಿ ಕೈ ಕಾಯಿಸುತ್ತ ಕುಳಿತವರನ್ನು ಒಂದು ಬೆಂಕಿಯಿಂದ ಇನ್ನೊಂದು ಬೆಂಕಿಯವರೆಗೆ ಎಣಿಸುತ್ತ ನಡೆದರೆ, ಕಾಟಾ ತಲುಪುವ ಮುಂಚೆಯೇ ಆ ಲೆಕ್ಕ ತುಂಬುತ್ತದೆ.